ಸಲಾಕೆಯ ತುದಿಯ ಮಣ್ಣು

ನಮ್ಮ ಭಾವನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅನ್ನವೂ ಆ ಮೂಗಿನದೇ. ಎಣ್ಣೆ ಕಂಪನಿಯಲ್ಲಿ ಇಪ್ಪತ್ತಮೂರು ವರ್ಷ ಅವರು ಮಾಡಿದ ಕೆಲಸ ಒಂದೇ, ಪೈಪ್‌ಲೈನಿನ ಗುಂಟ ನಡೆಯುವುದು. ನಾನು ಕೂರುವ ವಾಲ್ವ್ ಸ್ಟೇಷನ್ನಿನಿಂದ ಹಳ್ಳದವರೆಗೆ ಏಳು ಕಿಲೋಮೀಟರು. ನೆಲದಡಿ ಸೊಂಟದಾಳದಲ್ಲಿ ಪೈಪು, ಅದರೊಳಗೆ ಹಗಲೂ ರಾತ್ರಿ ಹರಿಯುವ ಡೀಸೆಲ್ಲು. ದಾರಿಯುದ್ದಕ್ಕೂ ನಲವತ್ತೇಳು ಗುರುತಿನ ಕಲ್ಲು. ಪ್ರತಿ ಕಲ್ಲಿನ ಬಳಿ ನಿಂತು, ಕಬ್ಬಿಣದ ಸಲಾಕೆಯನ್ನು ಗೇಣಾಳ ಚುಚ್ಚಿ, ಎಳೆದು, ತುದಿಗಂಟಿದ ಮಣ್ಣನ್ನು ಮೂಸಬೇಕು. ಆಮೇಲೆ ಮುಂದಿನ ಕಲ್ಲು.

ಕಂಪನಿಯ ಗೇಟಿನಲ್ಲಿ ಆನೆಗಾತ್ರದ ಬೋರ್ಡಿದೆ, ‘ಪರಿಸರ ನಮ್ಮ ಹೊಣೆ’ ಅಂತ. ಬೋರ್ಡಿಗೇನು, ಬಣ್ಣ ಬಳಿದರೆ ಆಯಿತು. ಕಂಟ್ರೋಲ್ ರೂಮಿನ ಮೀಟರುಗಳಿಗೆ ಪೈಪು ಒಡೆದರೆ ಗೊತ್ತಾಗುತ್ತದೆ, ತೊಟ್ಟಿಕ್ಕಿದರೆ ಗೊತ್ತಾಗುವುದಿಲ್ಲ. ತೊಟ್ಟಿಕ್ಕುವುದನ್ನು ಹಿಡಿಯಲು ಇದ್ದದ್ದು ಭಾವನ ಮೂಗೊಂದೇ. ಹಳ್ಳದ ಆಚೆ ದಡದಲ್ಲಿ ಇಪ್ಪತ್ತು ಮನೆ, ಅವರು ಕುಡಿಯುವುದು ಆ ಹಳ್ಳದ ನೀರು. ಮೂರು ಸಲ ಭಾವ ಸೋರಿಕೆಯನ್ನು ನೀರಿಗೆ ಮುಟ್ಟುವ ಮೊದಲೇ ಹಿಡಿದಿದ್ದರು. ಆ ಮನೆಗಳವರಿಗೆ ಅದು ಇವತ್ತಿಗೂ ಗೊತ್ತಿಲ್ಲ.

“ಭಾವ, ಹೋದ ಜನ್ಮದಲ್ಲಿ ನೀವೇನು ನಾಯಿ ಆಗಿದ್ರಾ?” ಎಂದು ಒಮ್ಮೆ ಕಿಚಾಯಿಸಿದ್ದೆ.

“ಹೂಂ ಕಣೋ. ಅದಕ್ಕೇ ಈ ಜನ್ಮದಲ್ಲಿ ನಿಮ್ಮಕ್ಕನ ಮನೆ ಕಾಯ್ತಾ ಇದೀನಿ.”

ನಿವೃತ್ತಿಗೆ ಎರಡು ವರ್ಷ ಇರುವಾಗ ಅವರಿಗೆ ಕೆಟ್ಟ ಜ್ವರ ಬಂತು. ಹದಿನೈದು ದಿನ ಮಲಗಿ ಎದ್ದರು, ಮತ್ತೆ ಸಲಾಕೆ ಹಿಡಿದರು. ಎಲ್ಲ ಸರಿಹೋಯಿತು ಅಂದುಕೊಂಡೆವು.

ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಮನೆಗೆ ಹೋದೆ. ಬಾಗಿಲಲ್ಲೇ ಸೀದ ವಾಸನೆ ರಪ್ಪನೆ ಹೊಡೆಯಿತು. ಒಲೆಯ ಮೇಲೆ ಹಾಲು ಬತ್ತಿ, ಪಾತ್ರೆ ಕರ್ರಗಾಗಿತ್ತು. ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಒಲೆಗೆ ಬೆನ್ನು ಹಾಕಿ, ನಾಲ್ಕೇ ಮಾರು ದೂರದಲ್ಲಿ, ಭಾವ ನೆಮ್ಮದಿಯಾಗಿ ಬೂಟಿಗೆ ದಾರ ಪೋಣಿಸುತ್ತಿದ್ದರು.

ಒಲೆ ಆರಿಸಿ ಅವರ ಎದುರು ಕೂತೆ. “ಭಾವ, ನಿಮಗೆ ವಾಸನೆ ಬರ್ತಿಲ್ವಾ?”

ಅವರು ದಾರ ಬಿಟ್ಟರು. “ಜ್ವರ ಬಿಟ್ಟ ಮೇಲೆ ಏನೂ ಬರಲ್ಲ.”

“ಮತ್ತೆ ಲೈನಿನ ಮೇಲೆ ಏನ್ ಮಾಡ್ತಿದ್ದೀರಾ?”

“ಕಣ್ಣಿದೆಯಲ್ಲೋ. ಸೋರಿದ ಕಡೆ ಹುಲ್ಲು ಹಳದಿಯಾಗುತ್ತೆ, ಇರುವೆ ಗೂಡು ಬಿಡುತ್ತೆ. ಇಷ್ಟು ವರ್ಷ ನೋಡಿಲ್ವಾ ನಾನು?” ಆಮೇಲೆ ಬಹಳ ಮೆಲ್ಲಗೆ ಹೇಳಿದರು, “ಈ ಕೆಲಸವೂ ಇಲ್ಲ ಅಂದ್ರೆ ನಾನು ಯಾರೋ? ಅಕ್ಕನಿಗೆ ಹೇಳಬೇಡ. ಯಾರಿಗೂ ಹೇಳಬೇಡ.”

ಹೇಳಲಿಲ್ಲ. ಕರುಣೆ ಅಂತ ಅಂದುಕೊಂಡೆ. ಕರುಣೆಯೂ ಅಲ್ಲ, ಮಣ್ಣೂ ಅಲ್ಲ; ನನಗೆ ಈ ಕೆಲಸ ಕೊಡಿಸಿದ ಭಾವನ ಮುಖ ನೋಡಿ ಬಾಯಿಗೆ ಬೀಗ ಹಾಕಿಕೊಂಡೆ, ಅಷ್ಟೇ. ಐದು ತಿಂಗಳು ದಿನಾ ಸಂಜೆ ಅವರು ‘ಎಲ್ಲ ಸರಿ ಇದೆ’ ಎಂದು ಸಹಿ ಹಾಕಿದ ಚೀಟಿ ಕೊಡುತ್ತಿದ್ದರು, ನಾನು ಮೊಹರು ಒತ್ತುತ್ತಿದ್ದೆ.

ಸೋರಿದ್ದು ನಲವತ್ತೊಂದನೆಯ ಕಲ್ಲಿನ ಹತ್ತಿರ, ಹಳ್ಳದ ಇಳಿಜಾರಿನಲ್ಲಿ. ಅಲ್ಲಿ ಪೈಪಿನ ಮೇಲಿನ ಮಣ್ಣಿಗೆ ಜಲ್ಲಿ ಹಾಸಿದ್ದಾರೆ. ಹುಲ್ಲು ಹುಟ್ಟುವುದಿಲ್ಲ, ಇರುವೆ ಗೂಡು ಕಟ್ಟುವುದಿಲ್ಲ. ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲದ ಜಾಗ ಇಡೀ ಲೈನಿನಲ್ಲಿ ಅದೊಂದೇ.

ಹಿಡಿದದ್ದು ಆಚೆ ದಡದಲ್ಲಿ ಆಡು ಮೇಯಿಸುವ ಹೆಂಗಸು. ಸ್ಟೇಷನ್ನಿನವರೆಗೆ ಏದುಸಿರು ಬಿಡುತ್ತಾ ಬಂದಳು. “ನೀರಲ್ಲಿ ಲಾರಿ ವಾಸನೆ ಬರ್ತಿದೆ. ನನ್ನ ಎರಡು ಆಡು ಕುಡಿದು ಬಿದ್ದುಬಿಟ್ಟಿವೆ.” ನಾನು ಫೋನು ಮಾಡಿ, ವಾಲ್ವ್ ಮುಚ್ಚಿಸಿ ಓಡಿದೆ. ಹಳ್ಳದ ಮೇಲೆ ಬಣ್ಣಬಣ್ಣದ ಪೊರೆ ಕಟ್ಟಿತ್ತು. ದಡದಂಚಿನ ನೀರಿನಲ್ಲಿ ಬೆರಳುದ್ದದ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಭಾವ ಅದೇ ಬೆಳಿಗ್ಗೆ ಅಲ್ಲಿ ಸಲಾಕೆ ಚುಚ್ಚಿ, ಮೂಸಿ, ಮುಂದೆ ನಡೆದಿದ್ದರು.

ಇಪ್ಪತ್ತು ಮನೆಗಳಿಗೆ ಎರಡು ತಿಂಗಳು ಟ್ಯಾಂಕರ್ ನೀರು. ಭಾವ ಊಟ ಬಿಟ್ಟರು. ಬೆಳಕು ಹರಿದರೆ ಹಳ್ಳಕ್ಕೆ ಹೋಗಿ, ಎಣ್ಣೆ ಹೀರುವ ಬಟ್ಟೆ ಹಾಸುವುದು, ಹಿಂಡುವುದು, ಮತ್ತೆ ಹಾಸುವುದು. ಅಕ್ಕ ಬುತ್ತಿ ತಂದು ದಡದಲ್ಲಿ ಕೂತು, “ರೀ, ಒಂದು ತುತ್ತು ತಿನ್ನಿ” ಎನ್ನುತ್ತಿದ್ದಳು. ಅವರು ತಲೆಯೆತ್ತುತ್ತಿರಲಿಲ್ಲ.

ವಿಚಾರಣೆಗೆ ಬಂದ ಎಂಜಿನಿಯರ್ ಒಳ್ಳೆಯವರೇ. “ಬೆಸುಗೆ ಹಳೇದು. ನೀವು ದಾಟಿ ಹೋದ ಮೇಲೆ ಸೋರಿರಬಹುದು. ನಿಮ್ಮನ್ನ ಯಾರೂ ದೂರ್ತಿಲ್ಲ” ಎಂದರು. ಅಲ್ಲಿಗೆ ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು.

ಭಾವ ಸಲಾಕೆಯನ್ನು ಮೇಜಿನ ಮೇಲಿಟ್ಟರು. “ದೂರಬೇಕು ಸರ್. ಆರು ತಿಂಗಳಿಂದ ನನ್ನ ಮೂಗು ಸತ್ತಿದೆ. ಸುಳ್ಳು ಸಹಿ ಹಾಕಿದೀನಿ.”

“ಬೇರೆ ಯಾರಿಗಾದ್ರೂ ಗೊತ್ತಿತ್ತಾ?”

“ಇಲ್ಲ ಸರ್.”

ನಾನು ಅವರ ಬೆನ್ನ ಹಿಂದೆಯೇ ನಿಂತಿದ್ದೆ. ಅವರು ತಿರುಗಿ ಕೂಡ ನೋಡಲಿಲ್ಲ. ನನ್ನ ನಾಲಿಗೆ ಏಳಲಿಲ್ಲ. ಇವತ್ತು ಇದನ್ನು ಬರೆಯುತ್ತಿರುವುದು ಅದಕ್ಕೇ, ನನಗೆ ಗೊತ್ತಿತ್ತು.

ಭಾವನನ್ನು ಲೈನಿನಿಂದ ತೆಗೆದು ಗೇಟಿಗೆ ಹಾಕಿದರು, ಆ ಬೋರ್ಡಿನ ಕೆಳಗೆ. ಅವರು ಬೇಡಿಕೊಂಡದ್ದು ಒಂದೇ, ನನ್ನ ಜಾಗಕ್ಕೆ ಆಡಿನ ಹೆಂಗಸನ್ನು ಸೇರಿಸಿಕೊಳ್ಳಿ, ಕಲಿಸುವುದು ನನಗೆ ಬಿಡಿ ಎಂದು. ಎಂಜಿನಿಯರ್ ಒಪ್ಪಿದರು.

ಅವಳ ಮೊದಲ ದಿನ ನಾನೂ ಹಿಂದೆ ಹೋದೆ. ಪೈಪಿನಿಂದ ಎಷ್ಟು ದೂರ ಚುಚ್ಚಬೇಕು, ಎಷ್ಟು ಆಳ, ಮೂಸುವ ಮೊದಲು ಗಾಳಿಗೆ ಹೇಗೆ ಬೆನ್ನು ಕೊಡಬೇಕು, ಎಲ್ಲ ಹೇಳಿಕೊಡುತ್ತಾ ಭಾವ ನಡೆದರು. ನಲವತ್ತೊಂದನೆಯ ಕಲ್ಲು ಬಂತು. ಅವಳು ಸಲಾಕೆ ಚುಚ್ಚಿ ಎಳೆದು, ಹಿರಿಯರೆಂದು ಮೊದಲು ಅವರ ಮುಂದೆ ಹಿಡಿದಳು. ಭಾವ ಅದನ್ನು ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದರು. ಆಮೇಲೆ ವಾಪಸು ಕೊಟ್ಟರು.

“ನೀನೇ ಹೇಳಮ್ಮ.”

ಅವಳು ಮೂಸಿದಳು. “ಏನಿಲ್ಲ ಅಣ್ಣ, ಬರೀ ಮಣ್ಣು.”

“ಹೇಗಿದೆ?”

“ಏನು ಹೇಗಿದೆ?”

“ಮಣ್ಣಿನ ವಾಸನೆ.”

ಅವಳು ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು. ಮತ್ತೊಮ್ಮೆ ನಿಧಾನವಾಗಿ ಮೂಸಿದಳು. “ಇಬ್ಬನಿ ಬಿದ್ದಿತ್ತಲ್ಲ ಅಣ್ಣ. ಹಸಿ ಹಸಿಯಾಗಿ, ಚೆನ್ನಾಗಿದೆ.”

ಭಾವ ತಲೆಯಾಡಿಸಿ ಮುಂದಿನ ಕಲ್ಲಿನತ್ತ ನಡೆದರು. ಅಲ್ಲಿಂದಾಚೆಗೆ ಅವರು ಕೇಳುವ ಮೊದಲೇ ಅವಳು ಹೇಳುತ್ತಿದ್ದಳು.