ಇಕ್ಕಳದಮ್ಮನ ಎರಡು ಕೊಂಡಿಯ ಸರಪಳಿ

ಇಕ್ಕಳದಮ್ಮನ ಮುತ್ತಜ್ಜ ಬಾವಿ ತೋಡುವವನು. ಬಂಡೆ ಸಿಕ್ಕಿತೆಂದು ಬೇರೆಯವರು ಕೈಬಿಟ್ಟ ಗುಂಡಿಗೆ ಇಳಿದು, ನೀರು ಕಾಣುವ ತನಕ ಮೇಲೆ ಬರುವುದಿಲ್ಲವೆಂದು ಏಣಿಯನ್ನೇ ಎಳೆದುಹಾಕಿಸಿದ. ನೀರು ಬಂತು. ಜೊತೆಗೆ ಇಳಿದಿದ್ದ ತಮ್ಮ ಜೀವಂತವಾಗಿ ಬರಲಿಲ್ಲ. ಆ ಮನೆಯವರು ಈ ಕಥೆ ಹೇಳುವಾಗ ನೀರು ಎಷ್ಟು ಸಿಹಿಯಾಗಿತ್ತು ಎಂಬುದನ್ನಷ್ಟೇ ಹೇಳುತ್ತಾರೆ. ಅಜ್ಜ ಕಲ್ಲುಗಣಿಯಲ್ಲಿ ರಾಟೆ ನಡೆಸಿದವನು. ಹಗ್ಗಕ್ಕೆ ತಪ್ಪು ಗಂಟು ಹಾಕಿದ ಆಳನ್ನು ಅದೇ ಗಂಟಿನಲ್ಲಿ ಸೊಂಟಕ್ಕೆ ಕಟ್ಟಿ ಗಣಿಯ ಬಾಯಿಯ ಮೇಲೆ ತೂಗುಬಿಟ್ಟು, "ಗಂಟು ಸರಿ ಇದ್ರೆ ಹೆದರಿಕೆ ಯಾಕೋ?" ಎಂದು ಕೇಳಿದವನು. ತಾಯಿಯ ತಾಯಿ ಹೊಲಿಗೆಯಂತ್ರ ರಿಪೇರಿ ಮಾಡುತ್ತಿದ್ದಳು. ಸೊಸೆ ಹೊಲಿದ ಅಂಗಿಯನ್ನು ನೆಂಟರ ಎದುರಿಗೇ ಬಿಚ್ಚಿ, ದಾರವನ್ನು ಉಂಡೆ ಸುತ್ತಿ ಅವಳ ಅಂಗೈಯಲ್ಲಿಟ್ಟವಳು. ಅಪ್ಪ ಗೋದಾಮಿನ ಸಾಮಾನು ಲಿಫ್ಟಿನ ಹಿಡಿಕೆ ತಿರುಗಿಸುವವನು. ಬೆರಳಗಲ ಹೆಚ್ಚುಕಮ್ಮಿಯಿಲ್ಲದೆ ಅಂತಸ್ತಿಗೆ ಸರಿಯಾಗಿ ನಿಲ್ಲಿಸುತ್ತಿದ್ದ. ಹಾಗೆ ನಿಲ್ಲಿಸಲಾಗದ ದಿನ ಉಪವಾಸ. ಅವನಲ್ಲ, ಹೆಂಡತಿ ಮಕ್ಕಳು.

ಇಂಥ ಬೇರಿನಿಂದ ಬಂದವಳ ನಾಲಿಗೆ ಮೆತ್ತಗಿರಲಿ ಎಂದರೆ ಹೇಗೆ? ಅವಳು ನನ್ನ ಹೆಂಡತಿಯ ತಂಗಿ. ಲಿಫ್ಟುಗಳಿಗೆ ಕಂಟ್ರೋಲ್ ಬೋರ್ಡು ತಯಾರಿಸುವ ಕಾರ್ಖಾನೆಯಲ್ಲಿ ನಾನು ಕೆಳಗಡೆ ಪ್ಯಾನೆಲ್ಲುಗಳಿಗೆ ತಂತಿ ಜೋಡಿಸುತ್ತಿದ್ದೆ, ಅವಳು ಮೇಲಿನ ಗಾಜಿನ ಕೋಣೆಯಲ್ಲಿ ಆ ಬೋರ್ಡುಗಳಿಗೆ ಪ್ರೋಗ್ರಾಂ ಬರೆಯುತ್ತಿದ್ದಳು. ಕಾಲೇಜಿನ ಮೆಟ್ಟಿಲು ತುಳಿಯದೆ ಸಿ ಭಾಷೆ ಓದಲು ಕಲಿತವರು ಆ ಕಟ್ಟಡದಲ್ಲಿ ನಾವಿಬ್ಬರೇ. ಹಾಗಾಗಿ ಇಲ್ಲಿ ಪ್ರೋಗ್ರಾಮಿನ ಬಗ್ಗೆ ಬರೆದಿರುವುದು ಯಾರೋ ಹೇಳಿದ್ದನ್ನು ಕೇಳಿ ಬರೆದದ್ದಲ್ಲ.

ನಾವು ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವುದು ಕಂಪೈಲರ್. ಸಿ ಭಾಷೆಯ ಕಂಪೈಲರ್ ಉದಾರಿ. ಏನು ಬರೆದರೂ ಹೂಂಗುಟ್ಟುತ್ತದೆ. ತಪ್ಪು ಹೊರಬೀಳುವುದು ಲಿಫ್ಟು ಓಡತೊಡಗಿದ ಮೇಲೆ. ಆಗ ಹುಡುಗರು ತಲೆ ಕೆರೆದುಕೊಳ್ಳುತ್ತ ಅವಳ ಮೇಜಿನ ಮುಂದೆ ನಿಲ್ಲುತ್ತಿದ್ದರು. ಅವಳು ಕಣ್ಣು ಹಾಯಿಸಿದಳೆಂದರೆ ತಪ್ಪು ಮುಳ್ಳಿನಂತೆ ಕಿತ್ತು ಬರುತ್ತಿತ್ತು, ಜೊತೆಗೆ ಒಂದಿಷ್ಟು ಮಾಂಸವೂ ಬರುತ್ತಿತ್ತು. ಅದಕ್ಕೇ ಇಕ್ಕಳದಮ್ಮ ಎಂಬ ಹೆಸರು. ಎದುರಿಗೆ ಮಾತ್ರ ಅಕ್ಕಾ ಎನ್ನುತ್ತಿದ್ದರು.

"ಹತ್ತು ಮನೆ ಕಟ್ಟಿದ್ದೀಯ," ಎಂದು, ಹತ್ತು ಅಂಕಿಗೆ ಜಾಗ ಮಾಡಿ ಹನ್ನೊಂದನೆಯದನ್ನು ಓದಹೊರಟಿದ್ದ ಒಬ್ಬನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. "ಹನ್ನೊಂದನೇ ಮನೆ ಬಾಗಿಲು ಬಡೀತಿದ್ದೀಯಲ್ಲ, ಅಲ್ಲಿ ಯಾರಿದ್ದಾರೋ, ನಿಮ್ಮಪ್ಪನಾ?"

"ಮೊದಲನೇ ಮನೇನ ಸೊನ್ನೆ ಅಂತ ಎಣಿಸೋದು ಮರೆತುಹೋಯ್ತಕ್ಕಾ."

"ಉಸಿರಾಡೋದು ಮರೀಲಿಲ್ವಲ್ಲ, ನಮ್ಮ ಹಣೆಬರಹ."

ಕೋಣೆಯಲ್ಲಿ ಅವಳದೇ ಒಂದು ಕಟ್ಟಳೆಯಿತ್ತು. ಯಾರ ಪ್ರೋಗ್ರಾಂ ಕೆಟ್ಟಿತೋ ಅವರು ಎದ್ದು ನಿಂತು, ತಪ್ಪಿಗೆ ಯಂತ್ರ ಪರದೆಯ ಮೇಲೆ ಕೊಟ್ಟ ಬೈಗುಳವನ್ನು ಎಲ್ಲರಿಗೂ ಕೇಳುವಂತೆ ಓದಬೇಕು. ಒಬ್ಬ ಹುಡುಗನಿಗೆ ಮಾತು ತೊದಲುತ್ತಿತ್ತು. ಅವನು ಓದಿ ಮುಗಿಸುವ ತನಕ ಅವಳು ಉಗುರು ನೋಡಿಕೊಳ್ಳುತ್ತ ಕೂತಿರುತ್ತಿದ್ದಳು. ಅವನು ಕೆಲಸ ಬಿಟ್ಟುಹೋದಾಗ, "ಹೋಗುವಾಗ್ಲಾದ್ರೂ ಒಂದು ಮಾತು ನೆಟ್ಟಗೆ ಆಡಿದ್ನಾ?" ಎಂದು ವಿಚಾರಿಸಿದಳು.

ಅದೇ ಕೋಣೆಗೆ ಹೊಸದಾಗಿ ಸೇರಿದ್ದ ಹುಡುಗಿಯನ್ನು ಅವಳ ಮಗ ಮೆಚ್ಚಿ ಮದುವೆಯಾದ. ಮಗನದು ಕನ್ನಡಕದ ಅಂಗಡಿ. ಊರಿನವರ ಕಣ್ಣು ಸರಿಮಾಡುವ ಅವನಿಗೆ ಮನೆಯೊಳಗೆ ನಡೆಯುವುದು ಮಾತ್ರ ಮಂಜುಮಂಜು. ಸೊಸೆಗೆ ಹಗಲು ಕಾರ್ಖಾನೆಯಲ್ಲಿ ಅತ್ತೆ, ಸಂಜೆ ಅಡುಗೆಮನೆಯಲ್ಲಿ ಅದೇ ಅತ್ತೆ. ಊಟದ ತಟ್ಟೆಯ ಮುಂದೆಯೂ ಪ್ರೋಗ್ರಾಮಿನ ವಿಚಾರಣೆ ನಿಲ್ಲುತ್ತಿರಲಿಲ್ಲ.

"ಮೆಮೊರಿ ಬೇಕು ಬೇಕು ಅಂತ ಕೇಳಿ ತಗೋತೀಯ," ಎಂದು ಒಮ್ಮೆ ನನ್ನ ಎದುರಿಗೇ ಶುರುಮಾಡಿದಳು. "ಕೆಲಸ ಮುಗಿದ್ಮೇಲೆ ವಾಪಸ್ ಕೊಡಲ್ಲ. ನಿಮ್ಮಮ್ಮ ಪಕ್ಕದ ಮನೆಯಿಂದ ಪಾತ್ರೆ ತಂದ್ರೂ ಹೀಗೇನಾ?"

ಸೊಸೆ ನನ್ನ ತಟ್ಟೆಗೆ ಬಡಿಸಿದಳು, ಅತ್ತೆಯ ತಟ್ಟೆಗೂ ಬಡಿಸಿದಳು. ಒಂದು ಹನಿ ಸಾರೂ ಆಚೀಚೆ ಚೆಲ್ಲಲಿಲ್ಲ. ನನಗೆ ಅದೇ ಸರಿಕಾಣಲಿಲ್ಲ. ಅಳುವವಳಾದರೆ ಅತ್ತು ಸುಮ್ಮನಾಗುತ್ತಾಳೆ.

ಆಮೇಲೆ ಫಿಟ್ಟರನ ಪ್ರಸಂಗ ನಡೆಯಿತು. ಕಾರ್ಖಾನೆಯ ಹಿಂದೆ ಲಿಫ್ಟು ಪರೀಕ್ಷೆ ಮಾಡುವ ಗೋಪುರವಿದೆ. ಅಲ್ಲಿ ಲಿಫ್ಟು ಜೋಡಿಸುವ ಫಿಟ್ಟರ್ ಒಬ್ಬ ಹೊಸ ಬೋರ್ಡು ಕೂರಿಸಿ ಓಡಿಸುತ್ತಿದ್ದ, ಪ್ರೋಗ್ರಾಂ ಇಕ್ಕಳದಮ್ಮನದು. ಅದರಲ್ಲಿ ಒಂದು ಕಡೆ, ವಾಪಸ್ ಕೊಟ್ಟಾಗಿದ್ದ ಮೆಮೊರಿಯ ವಿಳಾಸವನ್ನು ಪ್ರೋಗ್ರಾಂ ಇನ್ನೂ ಹಿಡಿದುಕೊಂಡೇ ಇತ್ತು. ಬಾಡಿಗೆ ಮನೆ ಬಿಟ್ಟುಹೋದವನನ್ನು ಹಳೆಯ ಬಾಗಿಲಲ್ಲಿ ನಿಂತು ಕೂಗಿದರೆ, ಒಳಗೆ ಬಂದು ಸೇರಿಕೊಂಡ ಬೇರೆ ಯಾರೋ ಓಗೊಡುತ್ತಾರೆ. ಹಾಗೆಯೇ ಆಯಿತು. ಲಿಫ್ಟು ನಿಂತಿದೆ ಎಂಬ ಉತ್ತರ ಬಂತು, ಬಾಗಿಲು ತೆರೆಯಿತು, ಫಿಟ್ಟರ್ ಒಂದು ಕಾಲಿಟ್ಟ, ಲಿಫ್ಟು ಮೇಲಕ್ಕೆ ಹೊರಟಿತು. ಅವನ ಕಾಲು ಪಾದದ ಹತ್ತಿರ ತುಂಡಾಗಿಹೋಯಿತು.

ಯಾವ ಸಾಲಿನಲ್ಲಿ ತಪ್ಪಿದೆ ಎಂದು ಆ ಸಂಜೆಯೇ ಅವಳೇ ಹುಡುಕಿ ಮ್ಯಾನೇಜರನಿಗೆ ತೋರಿಸಿದಳು. ಮುಚ್ಚಿಡುವವಳಲ್ಲ. ಆದರೆ ಆಸ್ಪತ್ರೆಯಲ್ಲಿ ಫಿಟ್ಟರನ ಹೆಂಡತಿ ಎದುರಿಗೆ ಬಂದು, "ಏನಕ್ಕಾ ಇದು, ಹೀಗಾಗೋಯ್ತು" ಎಂದಾಗ ಅವಳು ಹೇಳಿದ ಮಾತನ್ನು ಅಲ್ಲಿದ್ದ ಯಾರೂ ಮರೆತಿಲ್ಲ.

"ಬಾಗಿಲು ತೆರೆದ ತಕ್ಷಣ ಕಾಲಿಡು ಅಂತ ನಾನು ಬರೆದಿದ್ನಾ?"

ಕಂಪನಿ ಸಿ ಭಾಷೆಯನ್ನು ಕೈಬಿಟ್ಟು ರಸ್ಟ್ ಎಂಬ ಹೊಸ ಭಾಷೆ ಹಿಡಿಯುವುದೆಂದು ತೀರ್ಮಾನವಾಯಿತು. ಆ ಭಾಷೆ ಬಲ್ಲವಳು ಕಾರ್ಖಾನೆಯಲ್ಲಿ ಒಬ್ಬಳೇ. ರಜೆಯ ಮಧ್ಯಾಹ್ನಗಳಲ್ಲಿ ಅಡುಗೆಮನೆಯ ಮೇಜಿನ ಮೇಲೆ ಸದ್ದಿಲ್ಲದೆ ಕಲಿತುಕೊಂಡಿದ್ದ ಸೊಸೆ. ಈ ಭಾಷೆಯ ಕಂಪೈಲರ್ ಉದಾರಿಯಲ್ಲ. ಪ್ರತಿ ವಸ್ತುವಿಗೂ ಒಬ್ಬನೇ ಯಜಮಾನ ಇರಬೇಕು, ಉಳಿದವರು ಎರವಲು ಪಡೆದು ನೋಡಬಹುದು, ಒಬ್ಬರು ನೋಡುತ್ತಿರುವಾಗ ಇನ್ನೊಬ್ಬರು ಅದನ್ನು ಬದಲಾಯಿಸುವಂತಿಲ್ಲ. ಒಂದು ಕೂದಲೆಳೆ ತಪ್ಪಿದರೂ ಲಿಫ್ಟಿನ ತನಕ ಬಿಡದೆ ಮೊದಲೇ ಹಿಡಿದು ಬೈಯುತ್ತದೆ. ಸೊಸೆ ಅದಕ್ಕೆ ಅತ್ತೆ ಎಂದೇ ಹೆಸರಿಟ್ಟಳು. ವಾರ ಕಳೆಯುವುದರೊಳಗೆ ಕೋಣೆಯ ತುಂಬ "ಅತ್ತೆ ಬೈದ್ಲು", "ಅತ್ತೆ ಒಪ್ಪಿದ್ಲು", "ಈ ಅತ್ತೇನೇ ವಾಸಿ ಕಣೋ, ಯಾಕೆ ಬೈದೆ ಅಂತಾದ್ರೂ ಹೇಳ್ತಾಳೆ" ಎಂಬ ಮಾತು.

"ತುಕ್ಕು ಅಂತ ಹೆಸರಿಟ್ಕೊಂಡಿರೋ ಭಾಷೆ ನಂಬಿ ಜನರನ್ನ ಲಿಫ್ಟು ಹತ್ತಿಸ್ತೀರಾ?" ಎಂದು ಇಕ್ಕಳದಮ್ಮ ಮ್ಯಾನೇಜರನನ್ನು ಕೇಳಿದಳು.

"ಇದು ಮೊದ್ಲೇ ಇದ್ದಿದ್ರೆ ಫಿಟ್ಟರ್ ಕಾಲು ಉಳೀತಿತ್ತಕ್ಕಾ," ಎಂದ ಅವನು. "ಆರು ತಿಂಗಳು ಕಲಿಯೋಕೆ ಟೈಮು. ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಲೆಕ್ಕ ಕೊಡ್ತೀವಿ. ಬಿಡಿಸಿದವರಿಗೆ ಈ ಕೋಣೆ, ಬಿಡಿಸದವರಿಗೆ ಸ್ಟೋರು."

"ಸ್ಟೋರಲ್ಲಿ ಏನು ಮಾಡೋದು?"

"ನಟ್ಟು, ಬೋಲ್ಟು ನೋಡ್ಕೊಳ್ಳೋದು."

"ಲೆಕ್ಕ ಕೊಡೋರು ಯಾರು?"

ಮ್ಯಾನೇಜರ್ ಸೊಸೆಯ ಮೇಜಿನ ಕಡೆ ನೋಡಿದ. ಅವಳಿಗೆ ಉತ್ತರ ಸಿಕ್ಕಿತು.

ಅವಳು ದಪ್ಪ ಪುಸ್ತಕವೊಂದನ್ನು ತರಿಸಿಕೊಂಡು ಹಲ್ಲುಕಚ್ಚಿ ಕೂತಳು. ಒಂದೇ ಸೂರಿನ ಕೆಳಗೆ ಆ ಭಾಷೆ ಅರೆದು ಕುಡಿದವಳಿದ್ದರೂ ಒಂದು ಅನುಮಾನವನ್ನೂ ಕೇಳಲಿಲ್ಲ. ಪದ ಎಣಿಸುವುದು, ಕಂಸಗಳು ಜೋಡಿಯಾಗಿವೆಯೇ ನೋಡುವುದು, ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸುವುದು, ದಾರಿ ಹುಡುಕುವುದು, ಇಂಥ ಎಲ್ಲರೂ ಬಿಡಿಸುವ ಲೆಕ್ಕಗಳನ್ನೆಲ್ಲ ತಾನೇ ಬಿಡಿಸಿದಳು. ಹೊಸ ಕಂಪೈಲರಿನ ಬೈಗುಳ ದಿನದಿನಕ್ಕೆ ಕಡಿಮೆಯಾಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಗೆಲ್ಲುವ ಮೊದಲೇ ಗೆದ್ದಂತೆ ಮೂದಲಿಸದಿದ್ದರೆ ಆ ವಂಶದವರಿಗೆ ತಿಂದದ್ದು ಜೀರ್ಣವಾಗದು.

ಒಂದು ಸಂಜೆ ನಾನೂ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಮಗನಿಗೆ ಹೇಳುವಂತೆ ಸೊಸೆಗೆ ಹೇಳಿದಳು. "ಆ ಪುಸ್ತಕದಲ್ಲಿ ಒಂದು ಅಧ್ಯಾಯ ಇದೆ ಕಣೋ. ಒಂದೇ ವಸ್ತುಗೆ ನಾಲ್ಕು ಜನ ಯಜಮಾನರಾಗಿ ಹಂಚ್ಕೊಂಡು ಹಿಡ್ಕೊಳ್ಳೋದು ಹೇಗೆ ಅಂತ. ಯಾರು ಹಿಡ್ಕೊಂಡಿದ್ದಾರೆ, ಯಾರು ಬಿಟ್ರು ಅಂತ ಗುಮಾಸ್ತನ ಥರ ಎಣಿಸ್ತಾ ಕೂರೋದಂತೆ. ಮದುವೆಯಾಗಿ ಬಂದ ಮನೇಲಿ ಪಾಲು ಕೇಳೋ ಹೆಣ್ಣುಗಳಿಗೆ ಅದು ಬೇಕು. ನಾನು ಆ ಹಾಳೆಗಳನ್ನ ಮಗುಚಿ ಮುಂದೆ ಹೋದೆ."

"ಹೌದಾ ಅತ್ತೆ?" ಎಂದಳು ಸೊಸೆ. ಅಷ್ಟೇ.

ಪರೀಕ್ಷೆ ಹತ್ತಿರ ಬಂದಾಗ ಮಗ ಹೆಂಡತಿಯ ಬಳಿ ಗೋಗರೆದನಂತೆ. ಅವನೇ ನನಗೆ ಹೇಳಿದ್ದು.

"ಅಮ್ಮಂಗೆ ಸುಲಭದ್ದು ಕೊಡೇ. ವಯಸ್ಸಾಗಿದೆ."

"ಸುಲಭದ್ದೇ ಕೊಡ್ತೀನಿ. ಅವರು ಕಣ್ಣು ಮುಚ್ಕೊಂಡು ಬರೆಯೋದನ್ನೇ ಕೊಡ್ತೀನಿ, ಸರೀನಾ?"

ಅವನು ಸಂತೋಷಪಟ್ಟ. ಪಾಪದ ಪ್ರಾಣಿ.

ಹುಡುಗರಿಗೆಲ್ಲ ಕಂಸ ಜೋಡಿಸುವುದು, ಪದ ಎಣಿಸುವುದು ಸಿಕ್ಕಿತು. ಎಲ್ಲರೂ ದಾಟಿದರು. ಕೊನೆಯ ಸರದಿ ಇಕ್ಕಳದಮ್ಮನದು. ಆ ದಿನ ಬೆಳಗ್ಗೆ ಗಾಜಿನ ಕೋಣೆಯಲ್ಲಿ ಅವಳ ಪರದೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಕಾಣುವಂತೆ ಬಿಟ್ಟಿದ್ದರು. ತಂತಿ ಎಳೆದವನು ನಾನೇ, ಆದ್ದರಿಂದ ಅಲ್ಲೇ ಮೂಲೆಯಲ್ಲಿ ನಿಂತಿದ್ದೆ. ಲೆಕ್ಕ ಇಷ್ಟೇ. ಅಂತಸ್ತುಗಳಿಂದ ಗುಂಡಿ ಒತ್ತಿದಾಗ ಬರುವ ಲಿಫ್ಟಿನ ಕರೆಗಳನ್ನು ಸರಪಳಿಯಂತೆ ಜೋಡಿಸಬೇಕು. ಪ್ರತಿ ಕರೆಯೂ ತನ್ನ ಮುಂದಿನದನ್ನೂ ಹಿಡಿದಿರಬೇಕು, ಹಿಂದಿನದನ್ನೂ ಹಿಡಿದಿರಬೇಕು. ನಡುವಿನದೊಂದನ್ನು ಕಿತ್ತರೆ ಅಕ್ಕಪಕ್ಕದವು ಕೂಡಿಕೊಳ್ಳಬೇಕು. ಸಿದ್ಧವಾಗಿ ಸಿಗುವ ಸರಪಳಿ ಬಳಸುವಂತಿಲ್ಲ. ಕಂಪೈಲರಿನ ಕಾವಲನ್ನು ಬದಿಗೆ ಸರಿಸುವ ಪದವೊಂದು ಆ ಭಾಷೆಯಲ್ಲಿದೆ, ಅದನ್ನೂ ಮುಟ್ಟುವಂತಿಲ್ಲ.

"ಇದಾ?" ಎಂದಳು ಇಕ್ಕಳದಮ್ಮ. ನಗು ತಡೆದುಕೊಳ್ಳಲೂ ಇಲ್ಲ. "ಭಾವ, ನೋಡಿದ್ರಾ? ಇದನ್ನ ನಾನು ನಿದ್ದೇಲಿ ಬರೀತೀನಿ."

ಆ ದಪ್ಪ ಪುಸ್ತಕವನ್ನು ನಾನೂ ಓದಿದ್ದೆ, ನಗಲಿಲ್ಲ. ಸಿ ಭಾಷೆಯಲ್ಲಿ ಎರಡು ಕೊಂಡಿಯ ಸರಪಳಿ ಮೊದಲ ಪಾಠ. ಒಬ್ಬನೇ ಯಜಮಾನ ಎನ್ನುವ ಭಾಷೆಯಲ್ಲಿ ಅದೇ ದೊಡ್ಡ ಗುಂಡಿ. ಪ್ರತಿ ಕರೆಯನ್ನೂ ಮುಂದಿನದೂ ಹಿಂದಿನದೂ ಹಿಡಿದುಕೊಂಡರೆ ಯಜಮಾನ ಯಾರು? ಅದಕ್ಕೆ ಉಪಾಯ ಇರುವುದು ಅವಳು ಮಗುಚಿ ಹಾಕಿದ ಹಾಳೆಗಳಲ್ಲಿ. ಮುಂದೆ ಎಲ್ಲಾದರೂ ಆ ಮಾತು ಬಂದಿದ್ದರೂ ಗುಮಾಸ್ತರ ಕೆಲಸವೆಂದು ಅದನ್ನೂ ದಾಟಿಬಿಟ್ಟಿದ್ದಳು.

ಬೆರಳು ಮಳೆ ಬಿದ್ದಂತೆ ಓಡಿತು. ಮುಗಿಸಿ ಕಂಪೈಲರಿಗೆ ಕೊಟ್ಟಳು. ಗೋಡೆಯ ಮೇಲೆ ಕೆಂಪಕ್ಷರ ಬಂತು.

ಯಾರೋ ಹಿಂದಿನಿಂದ, "ಓದಿ ಅಕ್ಕಾ," ಎಂದರು.

ಅವಳು ಎದ್ದು ನಿಂತಳು. ಕಟ್ಟಳೆ ತನ್ನದೇ, ಅದರಿಂದ ನುಣುಚಿಕೊಳ್ಳಲಿಲ್ಲ. "ಈ ವಸ್ತುವನ್ನು ಆಗಲೇ ಇನ್ನೊಬ್ಬರಿಗೆ ಕೊಟ್ಟಾಗಿದೆ, ಮತ್ತೆ ಬಳಸುವಂತಿಲ್ಲ." ಕೂತು ತಿದ್ದಿದಳು. ಮತ್ತೆ ಕೆಂಪು. "ಇದನ್ನು ಒಬ್ಬರು ಎರವಲು ಪಡೆದಿದ್ದಾರೆ, ಬದಲಾಯಿಸುವಂತಿಲ್ಲ." ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಹರಿಯುತ್ತಿತ್ತು. ಪ್ರತಿ ಸಲ ಎದ್ದು ಓದಿದಳು. ಮೊದಮೊದಲು ಹುಡುಗರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು, ಆಮೇಲೆ ಆ ಕೈಯೂ ಇಳಿಯಿತು. ಹೊತ್ತು ಏರುತ್ತಿದ್ದಂತೆ ಎದ್ದು ಕೂರುವಾಗ ಮೇಜಿನ ಅಂಚು ಹಿಡಿಯತೊಡಗಿದಳು.

ಗೇಟಿನ ಕೆಲಸಕ್ಕೆ ಹಾಕಿದ್ದ ಫಿಟ್ಟರ್ ಕುಂಟುತ್ತ ಬಂದು ಗಾಜಿನ ಬಾಗಿಲಿಗೆ ಊರುಗೋಲು ಒರಗಿಸಿ ನಿಂತ.

"ಏನಕ್ಕಾ, ಬಾಗಿಲು ಇನ್ನೂ ತೆರೆದಿಲ್ವಾ?"

ಇಡೀ ಕೋಣೆ ಗೊಳ್ಳೆಂದಿತು. ನಗದೇ ಇದ್ದವಳು ಸೊಸೆ. ಮ್ಯಾನೇಜರ್ ಗೋಡೆಗಡಿಯಾರ ನೋಡಿ, "ಊಟದ ಗಂಟೆ ಹೊಡೆಯೋ ತನಕ ಅಷ್ಟೇ ಅಕ್ಕಾ," ಎಂದ. ಕೆಳಗೆ ಸ್ಟೋರಿನವನಿಗೆ ಒಂದು ಕುರ್ಚಿ ಖಾಲಿಮಾಡಿಡಲು ಅವನು ಬೆಳಗ್ಗೆಯೇ ಹೇಳಿದ್ದು ನನಗೆ ಗೊತ್ತಿತ್ತು.

ಆಗ ಸೊಸೆ ಎದ್ದು ಬಂದು ಅತ್ತೆಯ ಕುರ್ಚಿಯ ಪಕ್ಕ ನಿಂತಳು. ಮೆತ್ತಗೆ ಮಾತಾಡಿದಳು, ಆದರೆ ಎಲ್ಲರಿಗೂ ಕೇಳುವಷ್ಟು.

"ಒಂದೇ ಅಧ್ಯಾಯ ಅತ್ತೆ. ಗಂಟೆ ಹೊಡೆಯೋದ್ರೊಳಗೆ ಹೇಳಿಕೊಡ್ತೀನಿ, ಮ್ಯಾನೇಜರ್ ಕೂಡ ಬೇಡ ಅನ್ನಲ್ಲ. ಎದ್ದು ನಿಂತು 'ಹೇಳಿಕೊಡಮ್ಮ' ಅಂತ ಒಂದು ಮಾತು ಕೇಳಿ. ಮನೇಲಿ ಇಷ್ಟು ವರ್ಷ ನಾನು ನಿಂತಿಲ್ವಾ?"

"ಕೇಳಿಬಿಡು," ಎಂದೆ ನಾನು ಮೂಲೆಯಿಂದ. "ಮಾತು ತಾನೇ."

ಇಕ್ಕಳದಮ್ಮ ನನ್ನ ಕಡೆ ನೋಡಲಿಲ್ಲ. ಕಣ್ಣು ಕೆಂಪಕ್ಷರದ ಮೇಲೇ ಇತ್ತು, ಕೈ ಕೀಲಿಗಳ ಮೇಲೇ ಇತ್ತು.

"ಬೇಡ. ನೀನು ಹೇಳಿದ್ದು ಒಂದ್ಸಲ ಕಿವಿಗೆ ಬಿದ್ರೆ ಆಮೇಲೆ ನಾನು ಬರೆಯೋದೆಲ್ಲಾ ನಿನ್ನದೇ ಆಗುತ್ತೆ. ಹೋಗಿ ನಿನ್ನ ಜಾಗದಲ್ಲಿ ಕೂತ್ಕೋ. ಭಾವ, ನೀವೂ ಬಾಯಿ ಮುಚ್ಚಿ. ಗಂಟೆ ಹೊಡೆದ್ರೆ ಹೊಡೀಲಿ, ನಾನು ಸ್ಟೋರಿಗೆ ಹೋಗಿ ಬೋಲ್ಟು ಎಣಿಸ್ತೀನಿ. ಸಂಜೆ ಊಟಕ್ಕೆ ನನ್ನ ತಟ್ಟೆ ಇಡಬೇಡ. ನಿನ್ನ ಕೈಯಿಂದ ನನಗೇನೂ ಬೇಡ."