ಮೇಷ್ಟ್ರಮ್ಮ ಸೇದಿದ ಹೊಗೆ

ಮೇಷ್ಟ್ರಮ್ಮನ ಕೊರಳ ಬುಡದಲ್ಲಿ, ಎರಡು ಎಲುಬು ಕೂಡುವ ಜಾಗದಲ್ಲಿ, ಹೆಬ್ಬೆರಳು ಹಿಡಿಸುವಷ್ಟು ಆಳದ ಒಂದು ಗುಳಿ ಇತ್ತು. ಉಸಿರು ಎಳೆದಾಗಲೆಲ್ಲ ಅಲ್ಲಿನ ಚರ್ಮ ಒಳಕ್ಕೆ ಹೋಗಿ, ಒಂದು ಗಳಿಗೆ ನಿಂತು, ಆಮೇಲೆ ಮೇಲೆ ಬರುತ್ತಿತ್ತು. ಸೆರಗು ಎಷ್ಟು ಬಿಗಿಯಾಗಿ ಹೊದ್ದರೂ ಮುಚ್ಚುತ್ತಿರಲಿಲ್ಲ. ಭುಜಗಳೆರಡೂ ಯಾರೋ ಹಿಂದಿನಿಂದ ಹಿಡಿದು ಎತ್ತಿದ ಹಾಗೆ ಕಿವಿಯ ಕಡೆಗೆ ಏರಿರುತ್ತಿದ್ದವು. ಹೊಳೆನರಸೀಪುರದ ಹಿಂದಿನ ಬೀದಿಯ ಹೆಣ್ಣುಮಕ್ಕಳ ಸ್ಕೂಲಿಗೆ ನಾನು ಪಾಠ ಹೇಳುವ ಕೆಲಸಕ್ಕೆಂದು ಹೋದ ದಿನ ಅವರು ನನ್ನ ಕಾಗದ ಓದುತ್ತಾ ಕೂತಿದ್ದರು. ನಾನು ಅವರ ಮುಖ ನೋಡಲಿಲ್ಲ. ಆ ಗುಳಿಯನ್ನೇ ನೋಡುತ್ತಾ ನಿಂತಿದ್ದೆ.

"ಹೆದರ್ಕೋಬೇಡ," ಅಂದರು. "ಅಂಟುರೋಗ ಅಲ್ಲ. ಉಬ್ಬಸ."

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮೂರು ನಾಲ್ಕು ವರ್ಷ ಮುಂಚಿನ ಮಾತು. ನನಗೆ ಆಗ ಇಪ್ಪತ್ತು. ಗಂಡ ಹೇಳದೆ ಕೇಳದೆ ಊರು ಬಿಟ್ಟು ಹೋಗಿದ್ದ. ಅರಕಲಗೂಡಿನ ತವರಲ್ಲಿ ಅಪ್ಪನದು ಬಟ್ಟೆ ಅಂಗಡಿ, ಅನ್ನಕ್ಕೇನೂ ಕೊರತೆಯಿಲ್ಲ. ಆದರೆ ಅತ್ತಿಗೆ ನನ್ನ ತಟ್ಟೆ ಇಡುವ ಸದ್ದಿನಲ್ಲೇ ನನಗೆ ಎಲ್ಲವೂ ತಿಳಿಯುತ್ತಿತ್ತು. ಕೆಲಸ ಸಿಕ್ಕಿದ್ದು ನನ್ನ ಪುಣ್ಯ. ಆದರೆ ಒಂಟಿ ಹೆಂಗಸಿಗೆ ಮನೆ ಕೊಡುವವರು ಯಾರು? ಮೇಷ್ಟ್ರಮ್ಮ ಎರಡು ಮಾತಾಡದೆ ತಮ್ಮ ಮನೆಯ ಮುಂದಿನ ಕೋಣೆ ಬಿಟ್ಟುಕೊಟ್ಟರು. ಅವರು ಸಾಲಗಾಮೆ ಕಡೆಯ ಒಕ್ಕಲು ಮನೆತನದವರು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡ ಮೇಲೆ ಅಣ್ಣ ಹಟ ಹಿಡಿದು ಮೈಸೂರಿಗೆ ಕಳಿಸಿ ಓದಿಸಿದ್ದನಂತೆ. ಊರೆಲ್ಲ ಅವರನ್ನು ಮೇಷ್ಟ್ರಮ್ಮ ಅನ್ನುತ್ತಿತ್ತು. ನಾನು ಅಕ್ಕ ಅನ್ನುತ್ತಿದ್ದೆ. ಅವರು ನನ್ನನ್ನು ಕೂಸೇ ಅನ್ನುತ್ತಿದ್ದರು.

ಉಕ್ತಲೇಖನ ಕೊಡುವಾಗ ಅವರು ಉಸಿರು ಸಿಕ್ಕಿದಷ್ಟು ಓದಿ ನಿಲ್ಲಿಸುತ್ತಿದ್ದರು. ಅವರು ನಿಲ್ಲಿಸಿದ ಕಡೆಯಲ್ಲೆಲ್ಲ ಮಕ್ಕಳು ಚುಕ್ಕಿ ಇಡುತ್ತಿದ್ದರು. ಹಾಗಾಗಿ ಮಳೆಗಾಲ ಮುಗಿದ ಹೊಸತರಲ್ಲಿ ವಾಕ್ಯಗಳು ಉದ್ದುದ್ದ ಇರುತ್ತಿದ್ದವು, ಯುಗಾದಿ ಹತ್ತಿರ ಬಂದ ಹಾಗೆ ಎರಡೆರಡೇ ಮಾತಿನ ತುಂಡುಗಳಾಗುತ್ತಿದ್ದವು. ಅದನ್ನು ಅವರು ತಪ್ಪೆಂದು ಎಣಿಸುತ್ತಿರಲಿಲ್ಲ. ಕರಿಹಲಗೆಯನ್ನು ಒದ್ದೆ ಬಟ್ಟೆಯಲ್ಲೇ ಒರೆಸಬೇಕು, ಕಸ ಗುಡಿಸುವ ಮುಂಚೆ ನೀರು ಚಿಮುಕಿಸಬೇಕು, ಯಾರೂ ಸಂಪಿಗೆ ಮುಡಿದು ಬರಕೂಡದು. ಸಂಪಿಗೆಗೆ ಮಾತ್ರ ಹುಡುಗಿಯರು ಅಳುತ್ತಿದ್ದರು. ಅವರು ಕಾರಣ ಹೇಳುತ್ತಿರಲಿಲ್ಲ, ಹೇಳುವುದಕ್ಕೂ ಉಸಿರು ಬೇಕಲ್ಲ. ಅವರ ಬಾಯಲ್ಲಿ ಯಾವಾಗಲೂ ಒಂದೇ ಮಾತು: "ಇರೋದ್ರಲ್ಲಿ ಮುಗಿಸು." ಸಾರಿಗೆ ಉಪ್ಪು ಸಾಲದಿದ್ದರೂ ಅದೇ, ಪದ್ಯ ಹೇಳುವ ಹುಡುಗಿ ನಡುವೆ ತಡವರಿಸಿದರೂ ಅದೇ.

ನಮ್ಮ ಮನೆಯಿಂದ ಹೊಳೆಗೆ ಹೋಗುವ ದಾರಿಯಲ್ಲಿ ಎರಡೂ ಕಡೆ ಹೊಂಗೆ ಮರಗಳಿದ್ದವು. ಫಾಲ್ಗುಣ ಕಳೆಯುತ್ತಿದ್ದ ಹಾಗೆ ಹೂ ಬಿಟ್ಟು, ದಾರಿಯೆಲ್ಲ ಬೆಳ್ಳಗೆ ಹಾಸುತ್ತಿತ್ತು. ಜನ ಆ ವಾಸನೆ ಕುಡಿಯಲೆಂದೇ ಸಂಜೆ ಅತ್ತ ತಿರುಗಾಡಲು ಬರುತ್ತಿದ್ದರು. ಮೇಷ್ಟ್ರಮ್ಮ ಕಿಟಕಿಗಳಿಗೆ ಗೋಣಿಚೀಲ ಒದ್ದೆ ಮಾಡಿ ಕಟ್ಟಿ ಒಳಗೆ ಕೂರುತ್ತಿದ್ದರು. ಮೊದಲು ಸೀನು, ಒಂದರ ಮೇಲೊಂದು. ಆಮೇಲೆ ಕಣ್ಣು ಕೆಂಪಾಗಿ ಊದಿಕೊಳ್ಳುತ್ತಿತ್ತು. ಎರಡು ದಿನ ಕಳೆದರೆ ಎದೆಯಲ್ಲಿ ಬೆಕ್ಕು ಕೂತ ಹಾಗೆ ಗೊರಗೊರ. ಬೆಳಗಿನ ಜಾವ ಮೊಣಕಾಲ ಮೇಲೆ ಕೈಯೂರಿ, ಬಾಯಿ ತೆರೆದು, ಗೋಡೆ ನೋಡುತ್ತಾ ಕೂತಿರುತ್ತಿದ್ದರು. ನಾನು ಬೆನ್ನು ನೀವಲು ಹೋದರೆ ಬೇಡವೆಂದು ಕೈ ಆಡಿಸುತ್ತಿದ್ದರು. ಮೈ ಮೇಲೆ ಕೈ ಬಿದ್ದರೆ ಅದೂ ಭಾರವಾಗುತ್ತಿತ್ತು.

ಎರಡನೆಯ ವರ್ಷ ನಾನೇ ಬಲವಂತ ಮಾಡಿ ರೈಲಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಸ್ವಂತ ಶಾಪು ಇಟ್ಟುಕೊಂಡಿದ್ದ ಒಬ್ಬ ಡಾಕ್ಟರಿದ್ದರು, ವಯಸ್ಸಾದವರು. ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಮೇಷ್ಟ್ರಮ್ಮ ತಡೆದು ತಡೆದು ಕೇಳಿದರು:

"ಚನ್ನರಾಯಪಟ್ಟಣದಲ್ಲಿದ್ದೆ. ರಾಗಿ ಕಣದ ಧೂಳು ಆಗ್ಲಿಲ್ಲ. ಅರಕಲಗೂಡಿಗೆ ಹಾಕಿಸ್ಕೊಂಡೆ. ಮಳೆ ಶೀತಕ್ಕೆ ಗೋಡೆಯೆಲ್ಲ ಬೂಷ್ಟು. ಅದೂ ಆಗ್ಲಿಲ್ಲ. ಇಲ್ಲಿ ಹೊಂಗೆ. ಇನ್ಯಾವೂರಿಗೆ ಹೋಗ್ಲಿ ಸಾರ್?"

ಡಾಕ್ಟರು ನಳಿಗೆ ಸುತ್ತಿಟ್ಟರು. "ನೋಡಮ್ಮ, ನಮ್ಮ ಸೀಮೇಲಿ ಹನ್ನೆರಡು ತಿಂಗಳೂ ಏನಾದ್ರೊಂದು ಹೂ ಬಿಡ್ತಿರುತ್ತೆ, ಇಲ್ಲ ಕೊಳೀತಿರುತ್ತೆ, ಅದೂ ಇಲ್ಲಾಂದ್ರೆ ಯಾರೋ ಏನೋ ತೂರ್ತಿರ್ತಾರೆ. ನಿಮಗೆ ಆಗೋ ಊರು ನಂಗೆ ಗೊತ್ತಿಲ್ಲ. ವಾಸಿಯಾಗುತ್ತೆ ಅಂತ ಸುಳ್ಳು ಹೇಳೋಲ್ಲ." ಆಮೇಲೆ ಒಂದು ಉಪಾಯ ಹೇಳಿದರು. ದತ್ತೂರಿ ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಕಾಗದದಲ್ಲಿ ಸುತ್ತಿ, ಉಬ್ಬಸ ಏರಿದಾಗ ಹಚ್ಚಿ ನಾಲ್ಕು ದಮ್ಮು ಎಳೆಯಬೇಕು. ಗಂಟಲು ಬಿಡುತ್ತದೆ.

"ಹೆಂಗಸು ಸೇದೋದಾ?"

"ದೊರೆಸಾನಿಯರೂ ಇದನ್ನೇ ಸೇದ್ತಾರೆ. ಔಷಧಿ ಕಣಮ್ಮ." ನನ್ನ ಕಡೆ ತಿರುಗಿದರು. "ನೀವು ಜೊತೇಲಿರ್ತೀರಲ್ಲ, ನೋಡ್ಕೊಳ್ಳಿ. ಜಾಸ್ತಿ ಆದ್ರೆ ತಲೆ ಕೆಡುತ್ತೆ."

ಆಗಲಿ ಸಾರ್ ಅಂದೆ. ಚೀಟಿ ಬರೆಸಿಕೊಳ್ಳಬೇಕೆಂದು ಇಬ್ಬರಿಗೂ ತೋಚಲಿಲ್ಲ. ಬೇಲಿಯಲ್ಲಿ ಬೆಳೆಯುವ ಎಲೆಗೆ ಚೀಟಿ ಯಾಕೆ?

ರೈಲಿನಲ್ಲಿ ಬರುವಾಗ, "ಈ ವಯಸ್ಸಿಗೆ ಬೀಡಿ ಕಟ್ಟೋದು ಕಲೀಬೇಕಾಯ್ತಲ್ಲ ಕೂಸೇ," ಎಂದು ನಕ್ಕರು. ಮನೆಗೆ ಬಂದ ವಾರಕ್ಕೆ, ಬಚ್ಚಲುಮನೆಯ ಹಿಂದೆ, ಬಾಗಿಲು ಹಾಕಿಕೊಂಡು, ಮೊದಲ ಸಲ ಹಚ್ಚಿದರು. ಕೆಮ್ಮಿದರು, ಕಣ್ಣಲ್ಲಿ ನೀರು ಬಂತು. ಸ್ವಲ್ಪ ಹೊತ್ತಿಗೆ ಭುಜಗಳು ಕೆಳಗಿಳಿದವು. ನಾನು ಅವರ ಭುಜ ಇಳಿದದ್ದನ್ನು ನೋಡಿದ್ದು ಅದೇ ಮೊದಲು. ಅವತ್ತು ಅವರು ನಡುವೆ ಎಲ್ಲೂ ನಿಲ್ಲಿಸದೆ ನನ್ನ ತವರಿನ ಕಥೆಯನ್ನೆಲ್ಲ ಕೆದಕಿ ಕೆದಕಿ ಕೇಳಿದರು. ಅವರು ಅಷ್ಟು ಮಾತುಗಾತಿ ಎಂದು ನನಗೆ ಗೊತ್ತೇ ಇರಲಿಲ್ಲ.

ಒಂದು ವರ್ಷ ಹಾಗೆ ನಡೆಯಿತು. ಮುಂದಿನ ಹೊಂಗೆ ಹೂವಿನ ಕಾಲದಲ್ಲಿ ಪಕ್ಕದ ಮನೆಯಾಕೆ ಗೋಡೆ ಮೇಲೆ ಸೌದೆ ಎತ್ತಿಕೊಳ್ಳಲು ಹತ್ತಿದವಳು ಇಣುಕಿ ನೋಡಿದಳು. ಎರಡು ದಿನದಲ್ಲಿ ನೀರಿನ ಕಟ್ಟೆಯಲ್ಲಿ ಎಲ್ಲರ ಬಾಯಲ್ಲೂ ಅದೇ. "ಮೇಷ್ಟ್ರಮ್ಮ ಬೀಡಿ ಸೇದ್ತಾಳಂತೆ ಕಣಮ್ಮಿ! ನಾನೇ ಕಣ್ಣಾರೆ ಕಂಡೆ ಅಂತಾವ್ಳೆ. ಇಂಥೋಳ ಅತ್ರ ಎಣ್ಮಕ್ಕಳ ಕಳ್ಸದಾ?" ಬೀಡಿಯಾಗಿದ್ದದ್ದು ಗಾಂಜಾ ಆಯಿತು. ಸ್ಕೂಲಿನ ಚಾಪೆಗಳು ಖಾಲಿಯಾಗತೊಡಗಿದವು. ಮೇಲಕ್ಕೆ ಅರ್ಜಿ ಹೋಯಿತು.

ವಿಚಾರಣೆಗೆ ಅಧಿಕಾರಿ ಬರುವ ಹಿಂದಿನ ದಿನ, ಅರ್ಜಿಗೆ ಮೊದಲ ರುಜು ಹಾಕಿದ್ದ ಯಜಮಾನರು ನನ್ನನ್ನು ದಾರಿಯಲ್ಲಿ ನಿಲ್ಲಿಸಿದರು. "ನೀನು ಒಂದೇ ಮನೇಲಿರಾಳು. ನಿನ್ ಎಸ್ರೂ ಬರ್ಕೊಂಡ್ಬುಡಾದು ಅಂತಿದ್ರು, ನಾನೇ ಬ್ಯಾಡ ಅಂದೆ. ಗಂಡ ಇಲ್ದೋಳು, ಉಸಾರಾಗಿರವ್ವ," ಅಂದರು. ಬೆದರಿಕೆಯೋ ಕರುಣೆಯೋ ನನಗೆ ತಿಳಿಯಲಿಲ್ಲ. ಎರಡೂ ಇದ್ದಿರಬಹುದು.

ಮೇಷ್ಟ್ರಮ್ಮ ಅಧಿಕಾರಿಯ ಮುಂದೆ ಏನನ್ನೂ ಮುಚ್ಚಿಡಲಿಲ್ಲ. ಔಷಧಿ, ಹಾಸನದ ಡಾಕ್ಟರು ಹೇಳಿದ್ದು ಅಂದರು. ಚೀಟಿ ಎಲ್ಲಿ ಎಂದು ಅಧಿಕಾರಿ ಕೇಳಿದರು. ಡಾಕ್ಟರು ಅಷ್ಟರಲ್ಲಿ ಶಾಪು ಮುಚ್ಚಿ ಮಗನ ಜೊತೆ ಎಲ್ಲೋ ದೂರ ಹೋಗಿಬಿಟ್ಟಿದ್ದರು. "ಇವರು ನನ್ನ ಜೊತೆಗಿದ್ರು," ಎಂದು ಮೇಷ್ಟ್ರಮ್ಮ ನನ್ನನ್ನು ತೋರಿಸಿದರು. ಅವರನ್ನು ಹೊರಗೆ ಕಳಿಸಿ ಅಧಿಕಾರಿ ನನ್ನನ್ನು ಕೇಳಿದರು.

"ಅವರು ಸೇದೋದನ್ನ ನೀವು ನೋಡಿದ್ದೀರಾ?"

"ನೋಡಿದ್ದೀನಿ ಸಾರ್."

"ಏನದು?"

ನನಗೆ ಅತ್ತಿಗೆ ತಟ್ಟೆ ಇಡುವ ಸದ್ದು ಕೇಳಿಸಿತು. "ನಂಗೊತ್ತಿಲ್ಲ ಸಾರ್," ಅಂದೆ.

ಅದನ್ನೇ ಬರೆದರು, ಓದಿ ಹೇಳಿದರು. ನಾನು ರುಜು ಹಾಕಿದೆ.

ಆ ಸಂಜೆ ಮೇಷ್ಟ್ರಮ್ಮ ಎಂದಿನಂತೆ ಒಲೆ ಹಚ್ಚಿದರು. ನನಗೆ ಬಡಿಸಿದರು. ಉಂಡು ಕೈ ತೊಳೆಯುವಾಗ ಮಾತ್ರ ಮೆತ್ತಗೆ ಕೇಳಿದರು: "ಡಾಕ್ಟ್ರು ಹೇಳಿದ್ದು ಜ್ಞಾಪಕ ಬರ್ಲಿಲ್ವಾ ಕೂಸೇ?"

"ಬರ್ಲಿಲ್ಲ ಅಕ್ಕ."

"ಆಗ್ಲಿ."

ಕೆಲಸದಿಂದ ತೆಗೆಯಲಿಲ್ಲ. ಇನ್ನು ಮುಂದೆ ಯಾವ ಕಾರಣಕ್ಕೂ ಹೊಗೆ ಸೇದುವುದಿಲ್ಲ ಎಂದು ಅವರಿಂದ ಬರೆಸಿಕೊಂಡರು. ಹಿರೀಸಾವೆಯಿಂದ ಎರಡು ಮೈಲಿ ಒಳಗಿನ ಒಂದು ಹಳ್ಳಿಗೆ ವರ್ಗ ಮಾಡಿದರು. ಅದೂ ಚನ್ನರಾಯಪಟ್ಟಣದ ಸೀಮೆಯೇ. ಅಲ್ಲಿನ ಕಣದ ಧೂಳು ಅವರಿಗೆ ಆಗುವುದಿಲ್ಲವೆಂದು ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹೊರಡುವ ದಿನ ಬಸ್ಸಿನ ಹತ್ತಿರ, "ಒದ್ದೆ ಬಟ್ಟೇಲೇ ಒರೆಸ್ಬೇಕು, ಮರೀಬೇಡ," ಎಂದರು. ಅವರ ಜಾಗಕ್ಕೆ ನನ್ನನ್ನೇ ಹಾಕಿದರು.

ಅವರಿಂದ ವರ್ಷಕ್ಕೊಂದೋ ಎರಡೋ ಕಾಗದ ಬರುತ್ತಿತ್ತು. ಮಳೆ ಬಂತು, ಹುಚ್ಚೆಳ್ಳು ಹೂ ಬಿಟ್ಟಿದೆ, ಕಣ ಶುರುವಾಯಿತು, ಇಷ್ಟೇ. ಕಣ ಮುಗಿಯಿತು ಎಂದು ಬರೆದಾಗ ನನಗೆ ಸಮಾಧಾನವಾಗುತ್ತಿತ್ತು. ಯುದ್ಧದ ನಡುವಿನ ಒಂದು ಪುಷ್ಯ ಮಾಸದಲ್ಲಿ ಕಾಗದ ಅವರ ಅಕ್ಷರದಲ್ಲಿರಲಿಲ್ಲ. ಆ ಊರಿನ ಶ್ಯಾನುಭೋಗರು ಬರೆದಿದ್ದರು: ಮೇಷ್ಟ್ರಮ್ಮನಿಗೆ ಹುಷಾರಿಲ್ಲ, ನಿಮ್ಮ ಹೆಸರು ಹೇಳಿದರು.

ಪೆಟ್ರೋಲು ಸಿಗದ ಕಾಲ. ಬಸ್ಸುಗಳ ಹಿಂದೆ ದೊಡ್ಡ ಡ್ರಮ್ಮು ಕಟ್ಟಿ ಇದ್ದಿಲು ಉರಿಸಿ, ಅದರ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ದಾರಿಯುದ್ದಕ್ಕೂ ಆ ಹೊಗೆ ಒಳಗೆ ಬರುತ್ತಿತ್ತು. ಅವರನ್ನು ಆಸ್ಪತ್ರೆಗೆ ಒಯ್ಯುವುದಾದರೆ ಇದರಲ್ಲೇ ಒಯ್ಯಬೇಕಲ್ಲ ಎಂದು ಯೋಚಿಸಿದೆ. ಮಡಿಲಲ್ಲಿ ಒಂದು ಗಂಟಿತ್ತು. ನಮ್ಮ ಹಿತ್ತಲಿನ ದತ್ತೂರಿ ಎಲೆ, ನೆರಳಲ್ಲಿ ಒಣಗಿಸಿದ್ದು.

ಹಿರೀಸಾವೆಯಲ್ಲಿ ಇಳಿದು ನಡೆದು ಹೋದೆ. ಸ್ಕೂಲೆಂದರೆ ಒಂದೇ ಅಂಕಣದ ಮನೆ, ಅದರ ಹಿಂದೆಯೇ ಅವರ ಬಿಡಾರ. ಮಗ್ಗುಲಲ್ಲೇ ಊರಿನ ಕಣ. ಎತ್ತು ಕಟ್ಟಿ ರಾಗಿ ತೆನೆಯ ಮೇಲೆ ಕಲ್ಲಿನ ಗುಂಡು ಹೊಡೆಯುತ್ತಿದ್ದರು, ಇನ್ನೊಂದು ಕಡೆ ಮೊರ ಎತ್ತಿ ರಾಗಿ ತೂರುತ್ತಿದ್ದರು. ಸುಂಕು, ಆ ಹೊಟ್ಟಿನ ಧೂಳು, ಕೆಂಪಗೆ ಎದ್ದು ನೇರವಾಗಿ ಆ ಬಾಗಿಲಿಗೆ ಹೋಗುತ್ತಿತ್ತು. ನನ್ನಂಥ ಗಟ್ಟಿ ಎದೆಯವಳಿಗೇ ಗಂಟಲು ಕೆರೆಯಿತು.

ನನ್ನನ್ನು ಕಂಡು ಕಣದ ಯಜಮಾನ ಗೌಡರು ಎತ್ತು ನಿಲ್ಲಿಸಿದರು. "ಮೂರು ದಿನ ನಿಲ್ಸಿದ್ವಿ ತಾಯಿ. ಅಮ್ಮಾವ್ರಿಗೆ ಆಗಾಕಿಲ್ಲ ಅಂತ ಊರೋರೆಲ್ಲ ಒಪ್ಪಿದ್ರು. ಈಗ ನೋಡಿ, ಮ್ವಾಡ ಕಟ್ತಾ ಅದೆ. ನೆಂದೋದ್ರೆ ವರ್ಸೆಲ್ಲ ಏನುಣ್ಣಾನ? ನೀವೇ ಯೋಳಿ."

ಅವರ ಕಣ್ಣಲ್ಲಿ ನೀರಿತ್ತು. ನಮ್ಮೂರಿನವರಿಗಿಂತ ಅವರು ಒಳ್ಳೆಯವರು.

ಮೇಷ್ಟ್ರಮ್ಮ ಗೋಣಿ ಕಟ್ಟಿದ ಕಿಟಕಿಯ ಕೆಳಗೆ, ಮಡಿಸಿಟ್ಟ ಹಾಸಿಗೆಗೆ ಒರಗಿ ಕೂತಿದ್ದರು. ಮಲಗಲು ಆಗುತ್ತಿರಲಿಲ್ಲ. ತುಟಿ ನೀಲಿಯಾಗಿತ್ತು. ನಲವತ್ತೈದಕ್ಕೆ ಎಪ್ಪತ್ತರ ಹಾಗೆ ಕಾಣುತ್ತಿದ್ದರು. ನಾನು ಗಂಟು ಬಿಚ್ಚಿದೆ. ಅವರಿಗೆ ಅದೇನೆಂದು ತಿಳಿಯಿತು.

"ಬರ್ಕೊಟ್ಟಿದ್ದೀನಲ್ಲ," ಅಂದರು.

"ಅದನ್ನ ಯಾರು ನೋಡ್ತಾರೆ ಅಕ್ಕ ಇಲ್ಲಿ? ಬೇಲೀಲೆಲ್ಲ ಬೆಳ್ದಿದೆ. ಇಷ್ಟು ವರ್ಷ ಒಂದು ಸಲನೂ ಸೇದ್ಲಿಲ್ವಾ?"

ಇಲ್ಲವೆಂದು ತಲೆಯಾಡಿಸಿದರು. "ಮಕ್ಕಳು ನೋಡಿದ್ರೆ... ಇಲ್ಲಿಂದಾನೂ... ಎಲ್ಲಿಗೆ ಹೋಗ್ಲಿ?"

ನಾನು ಅವರ ಕಾಲ ಹತ್ತಿರ ಕೂತು ಹೇಳಿಬಿಟ್ಟೆ. "ನಂಗೆ ಜ್ಞಾಪಕ ಇತ್ತು ಅಕ್ಕ. ಅವತ್ತು ಎಲ್ಲಾ ಜ್ಞಾಪಕ ಇತ್ತು. ಬೇಕೂಂತ್ಲೇ ಗೊತ್ತಿಲ್ಲ ಅಂದೆ."

"ಗೊತ್ತು."

ನಾನು ಕಾದೆ. ಬಯ್ಯಲಿ, ಇಲ್ಲ ಹೋಗಲಿ ಬಿಡು ಅನ್ನಲಿ, ಎರಡರಲ್ಲಿ ಒಂದು ಬೇಕಾಗಿತ್ತು ನನಗೆ. ಅವರು ಬಹಳ ಹೊತ್ತು ಉಸಿರು ಕೂಡಿಸಿಕೊಂಡರು.

"ಅದಕ್ಕೆ ಉತ್ರ ಹೇಳೋವಷ್ಟು... ಉಸ್ರಿಲ್ಲ ಕೂಸೇ."

ಎಲೆಯನ್ನು ಸುತ್ತಿ ಹಚ್ಚಿ ಅವರ ತುಟಿಗೆ ನಾನೇ ಇಟ್ಟೆ. ಈ ಸಲ ಬೇಡ ಅನ್ನಲಿಲ್ಲ. ಆದರೆ ಎಳೆಯುವ ಶಕ್ತಿಯೇ ಇರಲಿಲ್ಲ. ತುದಿಯಲ್ಲಿ ಕೆಂಡ ಕೆಂಪೇರದೆ ಹಾಗೇ ಆರಿಹೋಯಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಕೊನೆಗೆ ಒಂದು ಓಡಿನಲ್ಲಿ ಕೆಂಡ ತಂದು, ಪುಡಿ ಉದುರಿಸಿ, ಸೆರಗಿನಿಂದ ಅವರ ಮುಖದ ಕಡೆ ಹೊಗೆ ಬೀಸಿದೆ. ಕೆಮ್ಮಿದರು, ಅಷ್ಟೇ. ಹೊರಗೆ ಎತ್ತುಗಳನ್ನು ಮತ್ತೆ ಹೂಡಿದ್ದರು. ಮೋಡಕ್ಕೆ ಮುಂಚೆ ಮುಗಿಸಬೇಕಾಗಿತ್ತು ಅವರಿಗೆ.

ಮಾರನೆಯ ದಿನ ಮಧ್ಯಾಹ್ನ, ಅವರನ್ನು ನೋಡಲು ಬಂದಿದ್ದ ಮಕ್ಕಳು ಊಟಕ್ಕೆ ಮನೆಗೆ ಹೋಗಿದ್ದಾಗ, ಮೇಷ್ಟ್ರಮ್ಮ ತೀರಿಕೊಂಡರು. ಕೂತೇ ಇದ್ದರು. ಮಳೆ ಬರಲೇ ಇಲ್ಲ, ಮೋಡ ಹಾಗೇ ಚದುರಿ ಹೋಯಿತು. ಸಾಲಗಾಮೆಯಿಂದ ಅಣ್ಣ ಬರುವಷ್ಟರಲ್ಲಿ ಊರವರೇ ಎಲ್ಲ ಮಾಡಿ ಮುಗಿಸಿದ್ದರು. ಗೌಡರು ಮೂರು ದಿನ ಕಣಕ್ಕೆ ಇಳಿಯಲಿಲ್ಲ.

ಊರಿಗೆ ಬಂದ ಮೇಲೆ ನಾನು ಮೇಲಿನವರಿಗೆ ಒಂದು ಕಾಗದ ಬರೆದೆ. ಅವರು ಸೇದಿದ್ದು ಔಷಧಿ, ಡಾಕ್ಟರು ಹೇಳುವಾಗ ನಾನು ಆ ಕೋಣೆಯಲ್ಲೇ ಇದ್ದೆ, ಕೆಲಸ ಹೋಗುತ್ತದೆಂಬ ಭಯಕ್ಕೆ ಗೊತ್ತಿಲ್ಲ ಅಂದೆ, ನನ್ನ ಹೇಳಿಕೆ ತಿದ್ದಿಕೊಳ್ಳಬೇಕು, ನನಗೆ ಏನು ಶಿಕ್ಷೆ ಕೊಟ್ಟರೂ ಸರಿ ಎಂದು. ಎರಡು ತಿಂಗಳ ಮೇಲೆ ಉತ್ತರ ಬಂತು. ಸಂಬಂಧಪಟ್ಟ ಉಪಾಧ್ಯಾಯಿನಿ ಈಗ ಜೀವಂತವಿಲ್ಲದಿರುವುದರಿಂದ ಈ ವಿಷಯವನ್ನು ಮುಂದುವರಿಸುವ ಅಗತ್ಯ ಕಾಣುವುದಿಲ್ಲ ಎಂದಿತ್ತು.

ಆ ಸ್ಕೂಲಿನಲ್ಲೇ, ಅವರು ಕೂರುತ್ತಿದ್ದ ಕುರ್ಚಿಯಲ್ಲೇ, ನಾನು ಇನ್ನೂ ಬಹಳ ವರ್ಷ ಕೆಲಸ ಮಾಡಿದೆ. ಊರಿನವರು ನನ್ನನ್ನೂ ಮೇಷ್ಟ್ರಮ್ಮ ಎಂದೇ ಕರೆದರು. ಅವರ ವಿಚಾರ ನನ್ನನ್ನು ಯಾರೂ, ಒಂದು ಸಲವೂ, ಕೇಳಲಿಲ್ಲ.