ಕ್ಯಾರವಾನಿನ ದೇವರ ಕೋಣೆ

ಕ್ಯಾರವಾನ್ ಕೊಂಡ ಮೇಲೆ ಲಂಡನ್ನಿನ ಇಲ್ಫರ್ಡಿನಲ್ಲಿ ಶಿವಪ್ರಕಾಶನಷ್ಟು ಆರಾಮಾಗಿರುವ ಮನುಷ್ಯ ಇನ್ನೊಬ್ಬನಿಲ್ಲ ಎಂದು ಎಲ್ಲರೂ ನಂಬಬೇಕಾಯಿತು. ಹಾಗೆ ಹೇಳಿಕೊಂಡು ತಿರುಗುತ್ತಿದ್ದವನು ಅವನೇ.

ಮನೆಯ ಅಡುಗೆಮನೆ, ಬಚ್ಚಲು, ಕಕ್ಕಸು ಮೂರನ್ನೂ ಒಡೆದು ಹೊಸದಾಗಿ ಕಟ್ಟಿಸುತ್ತಿದ್ದರು. ದೀಪಾವಳಿಗೆ ಮುಗಿಸುತ್ತೇನೆಂದು ಬಿಲ್ಡರ್ ಹೇಳಿದ್ದ. ಯಾವ ವರ್ಷದ ದೀಪಾವಳಿ ಎಂದು ಯಾರೂ ಕೇಳಿರಲಿಲ್ಲ. ಅಲ್ಲಿಯ ತನಕ ಒಂದು ಸಣ್ಣ ಫ್ಲ್ಯಾಟ್ ಹಿಡಿಯೋಣ ಎಂದಳು ಗಿರಿಜಾದೇವಿ. ಗಂಡ ಯಾರೋ ಉಪಯೋಗಿಸಿ ಬಿಟ್ಟ ಕ್ಯಾರವಾನೊಂದನ್ನು ಕಾರಿನ ಹಿಂದೆ ಕಟ್ಟಿ ಎಳೆದು ತಂದು, ಮನೆಯ ಮುಂದಿನ ಸಿಮೆಂಟು ಅಂಗಳದಲ್ಲಿ ನಿಲ್ಲಿಸಿದ. ಇಬ್ಬರು ನಾಲ್ಕು ದಿನ ಸಮುದ್ರದಂಡೆಗೆ ಹೋಗಿಬರಲೆಂದು ಮಾಡಿದ ಗಾಲಿಮನೆ ಅದು. ಅದರಲ್ಲಿ ತಿಂಗಳುಗಟ್ಟಲೆ ಇರುವುದನ್ನು ಅವನು ಇಂಟರ್‌ನೆಟ್ಟಿನ ವೀಡಿಯೊಗಳಲ್ಲಿ ಕಲಿತಿದ್ದ.

ಅವನ ಪ್ರಕಾರ ಆರಾಮೆಂಬುದು ಪಾರ್ಸೆಲ್ಲಿನಲ್ಲಿ ಬರುವ ವಸ್ತು. ಮೆತ್ತನೆಯ ಹಾಸಿಗೆ ಬಂತು. ಬಣ್ಣ ಬದಲಿಸುವ ದೀಪದ ಪಟ್ಟಿ ಬಂತು. ಗೋಡೆಗೆ ಅಂಟಿಕೊಳ್ಳುವ ಮಸಾಲೆ ಡಬ್ಬಿಗಳು, ಮಲಗಿದಲ್ಲಿಂದಲೇ ನೋಡಲು ಬಾಗುವ ತೋಳಿನ ಟಿವಿ ಬಂದವು. ಪಾರ್ಸೆಲ್ ಬಿಚ್ಚುವುದು ಅವನ ಕೆಲಸ. ರಟ್ಟನ್ನು ಹರಿದು ಮಡಚುವಲ್ಲಿಂದ ಹೆಂಡತಿಯ ಕೆಲಸ ಶುರು.

ಬೆಳಗ್ಗೆ ಅವನು ಎದ್ದ ಮೇಲೆ ಹಾಸಿಗೆ ಸುತ್ತಿ ಮೇಲಿನ ಕಪಾಟಿಗೆ ತುರುಕಬೇಕು. ಹಲಗೆಗಳನ್ನು ಕಿತ್ತು ಕುರ್ಚಿ ಮಾಡಬೇಕು, ನಡುವೆ ಟೇಬಲ್ ನಿಲ್ಲಿಸಬೇಕು. ಗಾಜಿನ ಮೇಲೆ ಇಳಿಯುವ ಉಸಿರಿನ ನೀರನ್ನು ಬಟ್ಟೆಯಿಂದ ಒರೆಸಿ ತೆಗೆಯಬೇಕು, ಇಲ್ಲದಿದ್ದರೆ ಮೂಲೆಗಳಲ್ಲಿ ಬೂಸ್ಟು. ಅವನು ಸಿಟಿಯ ಆಫೀಸಿಗೆ ರೈಲು ಹತ್ತಿದ ಮೇಲೆ ಅದೇ ಟೇಬಲ್ಲಿನ ಮೇಲೆ ಅವಳ ಹೊಲಿಗೆ ಮಷೀನು ಏರುತ್ತಿತ್ತು. ಸುತ್ತಲಿನ ಹೆಂಗಸರ ಬ್ಲೌಸು, ಸೀರೆಯ ಫಾಲು ಅವಳ ಕೈಯಲ್ಲೇ ಆಗಬೇಕು. ಅಡುಗೆ ಹೊತ್ತಿಗೆ ಮಷೀನು ಕೆಳಗೆ, ರೊಟ್ಟಿಯ ಹಲಗೆ ಮೇಲೆ. ವಿಜಯಪುರದವನಿಗೆ ಜೋಳದ ರೊಟ್ಟಿಯಿಲ್ಲದೆ ಊಟ ಗಂಟಲಲ್ಲಿ ಇಳಿಯದು. ಅವಳು ಬಡಿದಂತೆಲ್ಲ ಗಾಲಿಮನೆ ಪೂರ್ತಿ ಕುಲುಕುತ್ತಿತ್ತು.

“ಗಿರಿಜಕ್ಕ, ದಿನಾ ಸಂಜೆ ನಿಮ್ಮ ಕ್ಯಾರವಾನ್ ಅಲ್ಲಾಡುದು ನೋಡಿ ನಾನು ಕಿಟಕಿ ಪರದೆ ಹಾಕ್ತಾ ಇದ್ದೆ ಮಾರಾಯ್ತಿ,” ಎಂದಳು ಪಕ್ಕದ ಮನೆಯ ಕ್ಯಾಥರಿನ್, ತನ್ನ ಬಾಗಿಲು ತೆರೆಯುತ್ತ. ಉಡುಪಿ ಕಡೆಯವಳು, ಆಸ್ಪತ್ರೆಯಲ್ಲಿ ನರ್ಸು. “ಈ ವಯಸ್ಸಲ್ಲಿ ಎಂತ ಪ್ರೀತಿ ಅಂತ!”

“ರೊಟ್ಟಿ ಬಡಿತೀನ್ರೀ ಯವ್ವಾ. ಅಂಥಾ ಪ್ರೀತಿ ಇದ್ದಿದ್ರ ಫ್ಲ್ಯಾಟ್ ಹಿಡೀತಿದ್ರು.”

ನಗುತ್ತಲೇ ಗಿರಿಜಾದೇವಿ ಕ್ಯಾಥರಿನ್ನಳ ಬಚ್ಚಲಿಗೆ ಹೋದಳು. ಬಂದದ್ದೇ ಅದಕ್ಕೆ.

ಕ್ಯಾರವಾನಿನಲ್ಲಿ ಕಕ್ಕಸು ಇರಲಿಲ್ಲವೆಂದಲ್ಲ. ಒಲೆಯ ಪಕ್ಕದಲ್ಲೇ ಬಾಗಿಲಿದ್ದ ಪುಟ್ಟ ಕೋಣೆಯಲ್ಲಿ ಕಮೋಡಿತ್ತು. ಅದರಡಿ ಒಂದು ಡಬ್ಬಿ. ತುಂಬಿದಾಗ ಡಬ್ಬಿಯನ್ನು ಹೊರಗಿನಿಂದ ಎಳೆದು, ಹಿತ್ತಲಿನ ಚರಂಡಿಗೆ ಸುರಿದು ತೊಳೆದಿಡಬೇಕು. ವೀಡಿಯೊದಲ್ಲಿ ಆ ಭಾಗ ಬಂದಾಗ ಶಿವಪ್ರಕಾಶ ಮುಂದಕ್ಕೆ ಓಡಿಸಿದ್ದ. ಆಮೇಲೆ ಅವನಿಗೆ ಮಡಿ ನೆನಪಾಯಿತು.

“ಒಲಿ ಮಗ್ಗಲದಾಗ ಕಕ್ಕಸ? ಛೀ. ಅನ್ನ ಬೇಯೂ ಜಾಗಾ ಅದು,” ಎಂದ.

ಅಷ್ಟರಲ್ಲಿ ಮನೆಯ ದೇವರಿಗೂ ಜಾಗ ಬೇಕಾಗಿತ್ತು. ಬೂಟು ಹಾಕಿದ ಕೆಲಸಗಾರರ ಧೂಳಿನಲ್ಲಿ ಬೆಳ್ಳಿಯ ವೀರಭದ್ರನನ್ನು ಬಿಡುವಂತಿರಲಿಲ್ಲ. ಬಾಗಿಲಿರುವ ಕೋಣೆ ಅದೊಂದೇ. ಶಿವಪ್ರಕಾಶ ಕಮೋಡಿನ ಮುಚ್ಚಳದ ಮೇಲೆ ಹಲಗೆ ಹಾಕಿದ, ಹಲಗೆಯ ಮೇಲೆ ರೇಷ್ಮೆ ಖಣ ಹಾಸಿದ, ಅದರ ಮೇಲೆ ವೀರಭದ್ರನನ್ನು ಕೂಡಿಸಿದ. ಕೋಣೆ ತಿಕ್ಕಿ ತೊಳೆದವಳು ಯಾರೆಂದು ಬೇರೆ ಹೇಳಬೇಕೆ?

“ಅಲ್ರೀ, ಕಮೋಡಿನ ಮ್ಯಾಲ?” ಎಂದಳು ಗಿರಿಜಾದೇವಿ.

“ಮಾರಿದಾಂವ ಒಮ್ಮಿನೂ ಬಳಸಿಲ್ಲಂತ. ಹೊಸಾದಿದ್ದಂಗ ಐತಿ.”

ಮಾರಿದವನ ಹೊಟ್ಟೆಯ ಬಗ್ಗೆ ಇಷ್ಟು ವಿಶ್ವಾಸವಿಟ್ಟ ಭಕ್ತ ಎಲ್ಲೂ ಸಿಗಲಾರ. ಅಂದಿನಿಂದ ಅವನು ಬೆಳಗ್ಗೆ ಸ್ಟೇಷನ್ನಿನ ಹತ್ತಿರದ ಜಿಮ್ಮಿಗೆ ಹೋಗಿ ಬಿಸಿನೀರಲ್ಲಿ ಮಿಂದು, ಬೇಕಾದ್ದು ಮುಗಿಸಿ, ವಿಭೂತಿ ಧರಿಸಲು ಮರಳಿ ಬರುತ್ತಿದ್ದ. ಮತ್ತೆ ಆಫೀಸಿನಲ್ಲಿ ಸಾಲು ಸಾಲು ಕಕ್ಕಸುಗಳಿದ್ದವು. ಹೆಂಡತಿಗೆ? “ಕ್ಯಾಥರಿನ್ ಅದಾರಲ್ಲ,” ಎಂದ. ಕ್ಯಾಥರಿನ್ ಶಿಫ್ಟಿಗೆ ಹೋದ ದಿನ ಆ ಬಾಗಿಲಿಗೆ ಬೀಗ. ಬಸ್ಸು ಹತ್ತಿ ಲೈಬ್ರರಿಗೋ ಅಂಗಡಿಗೋ ಹೋಗಬೇಕು. ಗಿರಿಜಾದೇವಿ ಹೆಂಗಸರಿಗೆಲ್ಲ ಗೊತ್ತಿರುವ ಉಪಾಯ ಹಿಡಿದಳು: ನೀರು ಕುಡಿಯುವುದನ್ನು ಬಿಟ್ಟಳು.

ಕ್ಯಾಥರಿನ್ ಶಿಫ್ಟಿಗೆ ಹೋಗಿದ್ದ ಒಂದು ಭಾನುವಾರ ವೀರಣ್ಣ ಕ್ಯಾರವಾನ್ ನೋಡಲು ಬಂದ. ಶಿವಪ್ರಕಾಶನ ಊರಿನ ಗೆಳೆಯ, ಈಗ ಲಂಡನ್ನಿನ ಇನ್ನೊಂದು ತುದಿಯ ರೇನರ್ಸ್ ಲೇನಿನವನು. ದೀಪ ನೀಲಿಯಾಯಿತು, ಕೆಂಪಾಯಿತು. ಟಿವಿ ಬಾಗಿತು, ನೆಟ್ಟಗಾಯಿತು.

“ಏ ಶಿವ್ಯಾ, ಅರಮನಿ ಮಾಡೀ ಬಿಡಪಾ!” ಎಂದು ವೀರಣ್ಣ ತೊಡೆ ತಟ್ಟಿದ. ಚಹಾ ಕುಡಿದ, ಮತ್ತೆ ಕುಡಿದ. ಅವನಿಗೆ ಸಕ್ಕರೆ ಕಾಯಿಲೆ. ಸ್ವಲ್ಪ ಹೊತ್ತಿಗೆ ಎದ್ದು ಆ ಪುಟ್ಟ ಬಾಗಿಲ ಹಿಡಿಕೆಗೆ ಕೈ ಹಾಕಿದ.

“ಏ ಏ, ಅದು ದೇವರ ಖೋಲಿ!” ಎಂದು ಶಿವಪ್ರಕಾಶ ಜಿಗಿದ. ಕಾರಿನ ಕೀಲಿ ಆಗಲೇ ಅವನ ಕೈಯಲ್ಲಿತ್ತು. “ಬಾ, ಸ್ಟ್ರಾಟ್‌ಫರ್ಡ್ ಮಾಲಿಗೆ ಹೋಗಿ ಬಂದ್ಬಿಡೂಣು.”

ಗೆಳೆಯನ ಅವಸರಕ್ಕೆ ಕಾರು ಹೊರಟಿತು. ಹೊಟ್ಟೆಯ ಕೆಳಗೆ ಉರಿ ಹಿಡಿದು ಒಲೆಯ ಮುಂದೆ ನಿಂತವಳನ್ನು ನೀನೂ ಬರುತ್ತೀಯಾ ಎಂದು ಕೇಳಬೇಕೆಂದು ಇಬ್ಬರಿಗೂ ತೋಚಲಿಲ್ಲ. ಅವಳು ಕಪ್ಪು ತೊಳೆದಳು.

ಮರುದಿನ ಅವಳಿಗೆ ಚಳಿಜ್ವರ. ಶಿಫ್ಟು ಮುಗಿಸಿ ಬಂದ ಕ್ಯಾಥರಿನ್ ಹಣೆ ಮುಟ್ಟಿ ನೋಡಿ, ಎರಡು ಪ್ರಶ್ನೆ ಕೇಳಿದಳು.

“ನೀರು ಕುಡಿಯುದೇ ಇಲ್ವಾ ನೀವು? ಇದು ಮೂತ್ರದ ಸೋಂಕು. ಹೀಗೇ ಬಿಟ್ರೆ ಕಿಡ್ನಿಗೆ ಏರ್ತದೆ. ಈಗಲೇ ನಿಮ್ಮ ಡಾಕ್ಟರಿಗೆ, ಜಿಪಿಗೆ ಫೋನ್ ಮಾಡಿ.”

ಜಿಪಿ ಮಾತ್ರೆ ಬರೆದು ಕೊಟ್ಟು, ನೀರು ಚೆನ್ನಾಗಿ ಕುಡಿಯಬೇಕು, ಬಂದಾಗ ತಡೆಯಲೇಬಾರದು ಎಂದರು. ಗಂಡನಿಗೆ ಅದನ್ನೇ ಹೇಳಿದಳು. ಅವನು ಟಿವಿಯಿಂದ ಕಣ್ಣು ತೆಗೆಯಲಿಲ್ಲ.

“ಕುಡಿ ಮತ್ತ. ಯಾರು ಬ್ಯಾಡಂತಾರ?”

ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಈ ಗಂಡಸನ್ನು ಕೋಪದಿಂದ ನೋಡಿದ್ದಳು, ಬೇಸರದಿಂದ ನೋಡಿದ್ದಳು. ಅಂದು ಮೊದಲ ಸಲ ಹೇಸಿಗೆಯಿಂದ ನೋಡಿದಳು. ಅದು ಅವಳಿಗೆ ಎಷ್ಟೋ ಹಗುರವೆನಿಸಿತು. ಹೇಸಿಗೆಯ ವಸ್ತುವಿನೊಡನೆ ವಾದ ಮಾಡಬೇಕಿಲ್ಲವಲ್ಲ.

ಮರುದಿನ ಅವನು ಆಫೀಸಿಗೆ ಹೋದ ಮೇಲೆ ಸ್ನಾನಕ್ಕೆಂದು ಕ್ಯಾಥರಿನ್ನಳ ಮನೆಗೆ ಹೋಗಿ ಬಂದಳು. ತೋಳಿನ ಸ್ಕ್ರೂ ಬಿಚ್ಚಿ ಟಿವಿ ಇಳಿಸಿ ಕಾರಿನ ಡಿಕ್ಕಿಗೆ ಹಾಕಿದಳು. ಆ ಜಾಗದಲ್ಲಿ, ಹಾಸಿಗೆಯ ತಲೆಯ ಕಡೆಯ ಎತ್ತರದ ಹಲಗೆಯ ಮೇಲೆ, ಖಣ ಹಾಸಿ ವೀರಭದ್ರನನ್ನು ಕೂಡಿಸಿದಳು. ದೀಪದ ಪಟ್ಟಿಯನ್ನೂ ಅವನ ಸುತ್ತಲೇ ತಿರುಗಿಸಿದಳು. ಆಮೇಲೆ ಕಮೋಡಿನ ಮೇಲಿನ ಹಲಗೆ ತೆಗೆದು, ಬಾಗಿಲು ಹಾಕಿಕೊಂಡು ಕುಳಿತಳು. ಎದ್ದು ಬಂದು ಒಂದು ತಂಬಿಗೆ ನೀರು ಗಟಗಟ ಕುಡಿದಳು.

ಸಂಜೆ ಶಿವಪ್ರಕಾಶ ಒಳಗೆ ಕಾಲಿಟ್ಟವನು ಕಿರುಚಿದ.

“ಏನ ಮಾಡೀ ಇದು? ದೇವರು ಕೂತ ಜಾಗಾದಾಗ ನೀ ಕಕ್ಕಸ ಮಾಡ್ತೀ? ಧರ್ಮ ಕರ್ಮ ಐತೇನು?”

“ದೇವರನ್ನ ಕಕ್ಕಸದಾಗ ಕೂಡಿಸಿದಾವ್ರು ನೀವ್ರೀ. ನಾ ಹೊರಗ ಕರಕೊಂಡು ಬಂದೀನಿ.”

“ಟಿವಿ?”

“ದೇವರಿಗಿಂತಾ ದೊಡ್ಡದಾದ್ರ ತಂದು ಹಚ್ಚರಿ. ವೀರಭದ್ರನ್ನ ನೀವ ಎತ್ತಿಡ್ರಿ, ನಿಮ್ಮ ಕೈಲೆ.”

ಅವನು ಹಲಗೆಯ ಕಡೆ ನೋಡಿದ. ಬೆಳ್ಳಿಯ ಮೀಸೆಯ ದೇವರು ನೀಲಿ ಬೆಳಕಿನಲ್ಲಿ ಕತ್ತಿ ಹಿಡಿದು ನಿಂತಿದ್ದ. ಕೈ ಮುಂದೆ ಹೋಗಲಿಲ್ಲ. ಒಮ್ಮೆ ದೊಡ್ಡ ಜಾಗಕ್ಕೆ ಬಂದ ದೇವರನ್ನು ಮರಳಿ ಕಮೋಡಿನ ಮೇಲೆ ಕೂಡಿಸುವ ಧೈರ್ಯ ಆ ಧರ್ಮಿಷ್ಠನಿಗೆ ಇರಲಿಲ್ಲ. ಗಂಡಸಿನ ನಾಲಗೆ ಬೇರೆ ದಾರಿ ಹಿಡಿಯಿತು.

“ಆತು. ಆದ್ರ ಆ ಡಬ್ಬಿ ಯಾರು ಖಾಲಿ ಮಾಡವ್ರು? ನನಗಂತೂ ಆಗೂದಿಲ್ಲ, ಹೇಳಿರ್ತೀನಿ.”

“ಹಾಸಗಿ ನಂದು, ಒಲಿ ನಂದು, ಬೂಸ್ಟು ಒರಸೂದು ನಂದು. ಅದೊಂದು ನಿಮ್ದು,” ಎಂದು ಅವಳು ಬ್ಲೌಸಿನ ಗುಂಡಿ ಹೊಲಿಯಲು ಸೂಜಿಗೆ ದಾರ ಪೋಣಿಸತೊಡಗಿದಳು.

ಅವನು ನಾಲ್ಕೈದು ದಿನ ಸತ್ಯಾಗ್ರಹ ಹೂಡಿದ. ಅವಳು ಧಾರಾಳವಾಗಿ ನೀರು ಕುಡಿದಳು. ಶನಿವಾರ ಬೆಳಗ್ಗೆ ಡಬ್ಬಿ ತುಂಬಿದ ಕೆಂಪು ಗುರುತು ಕಾಣಿಸಿತು. ಒಂದು ಗಳಿಗೆಗೆ ವಾಸನೆ ಒಲೆಯ ತನಕ ಬಂತು. ಅವಳು ರೊಟ್ಟಿಯ ಹಲಗೆಯನ್ನು ಗೋಡೆಗೊರಗಿಸಿ, ಹಿಟ್ಟಿನ ಚೀಲದ ಬಾಯಿ ಕಟ್ಟಿದಳು.

“ರೊಟ್ಟಿ?” ಎಂದ.

“ಛೀ. ಅನ್ನ ಬೇಯೂ ಜಾಗಾ ಅಂದಿದ್ರಿ. ಅದು ಹೊರಗ ಹೋಗೂತನಾ ಒಲಿ ಹಚ್ಚೂದಿಲ್ಲ.”

ಶಿವಪ್ರಕಾಶ ಫೋನಿನಲ್ಲಿ ಆ ವೀಡಿಯೊ ಹುಡುಕಿದ. ಈ ಸಲ ಮುಂದಕ್ಕೆ ಓಡಿಸದೆ ಪೂರ್ತಿ ನೋಡಿದ. ಮೂಗಿಗೆ ಶಾಲು ಸುತ್ತಿ, ಪಾತ್ರೆ ತೊಳೆಯುವ ಅವಳ ಗ್ಲೌಸನ್ನು ಕೇಳದೆಯೇ ಹಾಕಿಕೊಂಡು ಹೊರಗಿಳಿದ. ಡಬ್ಬಿ ಎಳೆಯುವಾಗ ಅವನ ಮುಖ, ಲೋಕದ ಪಾಪವನ್ನೆಲ್ಲ ಒಬ್ಬನೇ ಹೊತ್ತ ಮಹಾತ್ಮನ ಮುಖ. ಹಿತ್ತಲಿಗೆ ಹೋಗುವ ಸಂದಿಯಲ್ಲಿ ನಡೆಯುವಾಗ ಒಂದಿಷ್ಟು ಚೆಲ್ಲಿ ಚಪ್ಪಲಿಯ ಮೇಲೆ ಬಿತ್ತು.

“ಗಿರಿಜಾ! ಏ ಗಿರಿಜಾ! ಒಂದ ಚೂರು ಬಾ ಇಲ್ಲೆ!”

ಗಿರಿಜಾದೇವಿ ಕಿಟಕಿ ತೆರೆದಳು.

“ಚಪ್ಪಲಿ ಅಲ್ಲೇ ತೊಳದ ಬರ್ರಿ,” ಎಂದು ಕಿಟಕಿ ಹಾಕಿಕೊಂಡಳು.